ಬೈಕನ್ನು ಯಾರ ಕೈಗೆ ಒಪ್ಪಿಸುವುದು?

ಕಳೆದ ವರ್ಷ ಆಷಾಢದ ಒಂದು ಬೆಳಿಗ್ಗೆ ನಮ್ಮ ಮನೆಯ ಗೇಟಿನ ಒಳಗಿನ ಕಡಪ ಕಲ್ಲಿನ ಮೇಲೆ ಎಂಟಾಣೆ ಅಗಲದ ಎಣ್ಣೆಯ ಕಲೆಯೊಂದು ಕಾಣಿಸಿತು. ಅಲ್ಲಿ ನಿಲ್ಲುವುದು ಮಗಳ ಓಡಾಟಕ್ಕೆಂದು ಕೊಂಡ 125 ಸಿಸಿ ಬೈಕು. ಕೊಂಡು ಏಳು ತಿಂಗಳಾಗಿತ್ತು, ನಾಲ್ಕು ಸಾವಿರ ಕಿಲೋಮೀಟರ್ ಓಡಿತ್ತು, ಮೂರು ದಿನದ ಹಿಂದಷ್ಟೇ ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರದಿಂದ ಮನೆಗೆ ಬಂದಿತ್ತು. ಅದು ‘ಉಚಿತ’ ಸರ್ವಿಸ್ ಆಗಿದ್ದರೂ ಬಿಲ್ಲಿನಲ್ಲಿ ಎಂಜಿನ್ ಆಯಿಲ್‌ನ ಜೊತೆಗೆ ಡಿಕಾರ್ಬನೈಸಿಂಗ್ (ಎಂಜಿನ್ನಿನೊಳಗೆ ಕಟ್ಟಿದ ಮಸಿ ತೆಗೆಯುವುದು), ಟೆಫ್ಲಾನ್ ಪಾಲಿಶ್, ಚೈನ್ ಕ್ಲೀನಿಂಗ್ ಎಂದು ಸಾಲುಸಾಲಾಗಿ ಮೊತ್ತ ಬಿದ್ದಿತ್ತು. ಉಚಿತ ಸರ್ವಿಸ್ ಎಂದರೆ ಕೂಲಿ ಮಾತ್ರ ಉಚಿತ, ಆಯಿಲ್ಲಿಗೂ ಬಿಡಿಭಾಗಗಳಿಗೂ ಹಣ ಕೊಡಬೇಕು ಎಂಬುದು ನನಗೆ ತಿಳಿದಿತ್ತು. ಆದರೆ ನಾಲ್ಕು ಸಾವಿರ ಕಿಲೋಮೀಟರ್ ಓಡಿದ, ಪೆಟ್ರೋಲನ್ನು ಇಂಜೆಕ್ಟರ್ ಮೂಲಕ ಅಳೆದು ಕುಡಿಯುವ ಹೊಸ ಎಂಜಿನ್ನಿನಲ್ಲಿ ಅಷ್ಟು ಬೇಗ ಯಾವ ಮಸಿ ಕಟ್ಟಿತ್ತೆಂದು ಆ ಕೇಂದ್ರದ ಯಾರೂ ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಎಣ್ಣೆ ಬೀಳುತ್ತಿದ್ದುದು ಹಳೆಯ ಎಣ್ಣೆ ಇಳಿಸಲು ಬಿಚ್ಚುವ, ಎಂಜಿನ್ನಿನ ತಳದ ಡ್ರೈನ್ ಬೋಲ್ಟಿನಿಂದ. ಎಂಜಿನ್ನಿನ ಹೊರಕವಚ ಅಲ್ಯೂಮಿನಿಯಮ್ಮಿನದು, ಬೋಲ್ಟು ಉಕ್ಕಿನದು. ಎಷ್ಟು ಬಿಗಿಯಾಯಿತೆಂದು ಅಳೆಯುವ ಟಾರ್ಕ್ ಸ್ಪ್ಯಾನರ್ ಬಳಸದೆ, ಉದ್ದನೆಯ ಹಿಡಿಯ ಪಾನಾ ಹಾಕಿ ಮೈಭಾರವೆಲ್ಲ ಬಿಟ್ಟು ಬಿಗಿದರೆ ಮೆತ್ತಗಿನ ಲೋಹದ ಥ್ರೆಡ್ ಕಿತ್ತುಹೋಗುತ್ತದೆ. ಆ ಬೋಲ್ಟಿನ ಕೆಳಗೆ ಕೂರುವ ತೆಳುವಾದ ವಾಷರನ್ನು ಪ್ರತಿ ಸಲ ಹೊಸದಾಗಿ ಹಾಕಬೇಕು; ಅದರ ಬೆಲೆ ಅತ್ಯಲ್ಪ, ಆದ್ದರಿಂದಲೇ ಅದನ್ನು ಮರೆಯುವವರು ಬಹಳ. ಕೇಂದ್ರಕ್ಕೆ ಹೋಗಿ ಕೇಳಿದಾಗ ರಸ್ತೆಯ ಕಲ್ಲು ತಗುಲಿರಬಹುದೆಂಬ ಉತ್ತರ ಬಂತು. ಬೈಕು ಬಿಟ್ಟು ಹೋಗಿ, ನಾಲ್ಕು ದಿನ ಬಿಟ್ಟು ಬನ್ನಿ ಎಂದರು.

ಬಿಟ್ಟು ಹೋಗಲು ಮನಸ್ಸಾಗದೆ ನಮ್ಮ ಮೈಸೂರಿನ ಒಂಟಿಕೊಪ್ಪಲಿನ ಒಂದು ಹಳೆಯ ಗ್ಯಾರೇಜಿಗೆ ಬೈಕನ್ನು ನಿಧಾನವಾಗಿ ಓಡಿಸಿಕೊಂಡು ಹೋದೆ. ಅಲ್ಲಿನ ಮೇಸ್ತ್ರಿ ಅರವತ್ತು ದಾಟಿದವರು. ಗೋಣಿಚೀಲದ ಮೇಲೆ ಮಲಗಿ, ಟಾರ್ಚ್ ಹಿಡಿದು ತಳವನ್ನು ನೋಡಿ, ಬೆರಳಿನಿಂದ ಬೋಲ್ಟನ್ನು ಮುಟ್ಟಿ ಎದ್ದರು. “ಥ್ರೆಡ್ ಹೋಗಿದೆ ಸಾರ್. ಲೇತಿಗೆ ಕಳಿಸಿ ಹೊಸ ಥ್ರೆಡ್ ಕೂರಿಸ್ಕೊಡಬಹುದು. ಆದ್ರೆ ಗಾಡೀಗೆ ಇನ್ನೂ ವಾರಂಟಿ ಇದೆ, ನಾನು ಕೈ ಹಾಕಿದ್ರೆ ನಿಮಗೇ ಲಾಸು. ಫೋಟೋ ತೆಕ್ಕೊಂಡು ಅವರ ಹತ್ರಾನೇ ಹೋಗಿ” ಎಂದರು. ನೋಡಿದ್ದಕ್ಕೆ ಎಷ್ಟಾಯಿತೆಂದು ಕೇಳಿದರೆ ನಕ್ಕು ಕೈ ಒರೆಸಿಕೊಂಡರು. ಕಣ್ಣೆದುರಿಗೆ ಬಂದ ಕೆಲಸವನ್ನು, ಅದು ತಮ್ಮದಲ್ಲವೆಂಬ ಕಾರಣಕ್ಕೆ ಹಿಂದಕ್ಕೆ ಕಳಿಸಿದ ಅವರನ್ನು ಆ ಹೊತ್ತಿನಿಂದಲೇ ನಾನು ನಂಬಿದೆ.

ಮೈಸೂರಿನವರಿಗೆ ಇಂಥ ಮೇಸ್ತ್ರಿಗಳ ಪರಿಚಯ ಹೊಸದಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರಲ್ಲಿ ಮುಚ್ಚುವವರೆಗೆ ಈ ಊರಿಗೆ ಅನ್ನ ಕೊಟ್ಟಿತು. ಅದರೊಳಗೆ ಕೆಲಸ ಮಾಡಿದವರು, ಅಂಥವರ ಬಳಿ ಕಲಿತವರು ಊರಿನ ಮೂಲೆಮೂಲೆಗಳಲ್ಲಿ ಗ್ಯಾರೇಜುಗಳನ್ನು ಇಟ್ಟುಕೊಂಡರು. ನನ್ನ ತಂದೆಯವರ ಯೆಜ್ಡಿಗೆ ಕಿಕ್ಕರ್ ಮತ್ತು ಗೇರು ಎರಡಕ್ಕೂ ಒಂದೇ ಲಿವರ್ ಇತ್ತು, ಒದ್ದು ಸ್ಟಾರ್ಟ್ ಮಾಡಿ ಅದನ್ನೇ ಮುಂದಕ್ಕೆ ಮಡಚಿದರೆ ಗೇರಿನ ಲಿವರ್ ಆಗುತ್ತಿತ್ತು. ಆ ಬೈಕನ್ನು ಅವರು ಗ್ಯಾರೇಜಿನಲ್ಲಿ ಬಿಟ್ಟು ಬಂದದ್ದನ್ನು ನಾನು ನೋಡಿಲ್ಲ. ಭಾನುವಾರ ಬೆಳಿಗ್ಗೆ ಹೋಗಿ, ಮರದ ಸ್ಟೂಲಿನ ಮೇಲೆ ಕುಳಿತು, ಪಾಯಿಂಟ್ ಗ್ಯಾಪ್ ನೋಡಿದ್ದು, ಪ್ಲಗ್ ಉಜ್ಜಿದ್ದು, ಸೀಮೆಎಣ್ಣೆಯ ತಟ್ಟೆಯಲ್ಲಿ ಭಾಗಗಳು ನೆನೆದದ್ದು ಎಲ್ಲವನ್ನೂ ಕಂಡು, ಮಧ್ಯಾಹ್ನದ ಊಟಕ್ಕೆ ಬೈಕಿನಲ್ಲೇ ಮನೆಗೆ ಬರುತ್ತಿದ್ದರು. ಅವರ ಪ್ರಶ್ನೆಗಳು ಅತಿಯಾಗಿ ಮೇಸ್ತ್ರಿಗೆ ತಲೆ ಚಿಟ್ಟು ಹಿಡಿಯುತ್ತಿದ್ದದ್ದೂ ಉಂಟು. ಆದರೂ ಬಿಚ್ಚಿದ್ದು ಏನು, ಹಾಕಿದ್ದು ಏನು ಎಂಬ ವಿಷಯದಲ್ಲಿ ಇಬ್ಬರ ನಡುವೆ ಒಮ್ಮೆಯೂ ಮಾತು ಬಂದಿರಲಿಲ್ಲ.

ಈಗ ಬೈಕಿಗೂ ನಮಗೂ ನಡುವೆ ಗಾಜಿನ ಗೋಡೆ ಬಂದಿದೆ. ನಾವು ಹವಾನಿಯಂತ್ರಿತ ಕೋಣೆಯಲ್ಲಿ ಕಾಫಿ ಕುಡಿಯುತ್ತೇವೆ, ಬೈಕು ಒಳಗೆಲ್ಲೋ ಹೋಗುತ್ತದೆ, ಸಂಜೆ ತೊಳೆದು ಹೊಳೆಯುತ್ತ ಹೊರಗೆ ಬರುತ್ತದೆ. ಹೊಳಪಿಗೂ ಕೆಲಸಕ್ಕೂ ಸಂಬಂಧವಿಲ್ಲ. ನೀರು ಹೊಡೆದು ಚೈನಿಗೆ ಸ್ಪ್ರೇ ಮಾಡಿದರೆ ಅರ್ಧ ಸರ್ವಿಸ್ ಆದಂತೆಯೇ ಕಾಣುತ್ತದೆ. ಆದ್ದರಿಂದ ಹೊಸ ಜಾಗಕ್ಕೆ ಹೋದಾಗ ನಾನು ಮೊದಲು ಕೇಳುವುದು, ಕೆಲಸ ನಡೆಯುವಾಗ ಹತ್ತಿರ ನಿಲ್ಲಬಹುದೇ ಎಂಬುದನ್ನು. ಸುರಕ್ಷತೆಯ ಕಾರಣ ಹೇಳಿ ಒಳಗೆ ಬಿಡದಿರುವುದು ತಪ್ಪಲ್ಲ, ಆದರೆ ಒಳ್ಳೆಯ ಕೇಂದ್ರಗಳು ಗಾಜಿನಾಚೆಯಿಂದಲಾದರೂ ತೋರಿಸುತ್ತವೆ, ತೆಗೆದ ಬಿಡಿಭಾಗಗಳನ್ನು ಹಳೆಯ ಡಬ್ಬಿಯಲ್ಲಿ ಹಾಕಿ ಕೈಗೆ ಕೊಡುತ್ತವೆ. ಬದಲಿಸಿದ ಬ್ರೇಕ್ ಶೂ ಎಲ್ಲಿ ಎಂದು ಕೇಳಿದಾಗ ಬಿಸಾಡಿದೆವು ಎಂಬ ಉತ್ತರ ಬಂದರೆ ಅಂಥ ಕಡೆಗೆ ನಾನು ಎರಡನೆಯ ಸಲ ಹೋಗುವುದಿಲ್ಲ.

ಬೈಕು ಒಪ್ಪಿಸುವಾಗ ಮಾಡಬೇಕಾದ ಕೆಲಸಗಳನ್ನು ಬರೆದುಕೊಳ್ಳುವ ಜಾಬ್ ಕಾರ್ಡಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಾನು ಎಡವಿದ್ದು ಅಲ್ಲಿಯೇ. ಅದಕ್ಕೆ ಸಹಿ ಹಾಕುವಾಗ ಬಹುತೇಕ ನಾವೆಲ್ಲರೂ ಕೆಲಸಕ್ಕೆ ತಡವಾಯಿತೆಂಬ ಆತುರದಲ್ಲಿರುತ್ತೇವೆ. ‘ಜನರಲ್ ಚೆಕಪ್’ ಎಂದು ಬರೆಸಿ ಸಹಿ ಹಾಕಿದರೆ ಆ ಎರಡು ಪದಗಳೊಳಗೆ ಏನನ್ನು ಬೇಕಾದರೂ ತುಂಬಬಹುದು. ಈಗ ನಾನು ಕಿಲೋಮೀಟರ್, ಟ್ಯಾಂಕಿನಲ್ಲಿರುವ ಪೆಟ್ರೋಲಿನ ಮಟ್ಟ, ಮೊದಲೇ ಇರುವ ಗೀರುಗಳು, ಬೈಕಿನ ತೊಂದರೆ ಯಾವ ವೇಗದಲ್ಲಿ, ಯಾವ ಗೇರಿನಲ್ಲಿ, ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದಾಗಲೋ ಕಾಣುತ್ತದೆ ಎಂಬುದನ್ನು ಬರೆಸುತ್ತೇನೆ. ಕೊನೆಗೆ, ಇದರಲ್ಲಿಲ್ಲದ ಯಾವುದೇ ಕೆಲಸಕ್ಕೂ ಮೊದಲು ಫೋನು ಮಾಡಬೇಕೆಂದು ಬರೆಸಿ, ಕಾರ್ಡಿನ ಫೋಟೋ ತೆಗೆದುಕೊಳ್ಳುತ್ತೇನೆ. ಇಷ್ಟು ಬರೆಯಲು ಬೇಸರಪಡುವ ಸರ್ವಿಸ್ ಅಡ್ವೈಸರ್, ಮೆಕ್ಯಾನಿಕ್ಕಿಗೆ ಅದನ್ನು ದಾಟಿಸಲೂ ಬೇಸರಪಡುತ್ತಾನೆ. ಬೈಕು ತೆಗೆದುಕೊಂಡ ಮರುದಿನ ಕರೆ ಬರುತ್ತದೆ: “ಹತ್ತಕ್ಕೆ ಹತ್ತು ಕೊಡಿ ಸಾರ್, ಇಲ್ಲದಿದ್ರೆ ನಮ್ಮ ಇನ್ಸೆಂಟಿವ್ ಹೋಗುತ್ತೆ.” ಆ ಹುಡುಗರ ಸಂಕಟ ನನಗೆ ಅರ್ಥವಾಗುತ್ತದೆ, ಆದರೆ ಹೀಗೆ ಬೇಡಿ ಪಡೆದ ಅಂಕಗಳೂ ಮೊಬೈಲಿನಲ್ಲಿ ಕಾಣುವ ನಕ್ಷತ್ರಗಳೂ ಗ್ಯಾರೇಜನ್ನು ಆರಿಸಲು ನನಗೆ ನೆರವಾಗಿಲ್ಲ. ಅದಕ್ಕಿಂತ, ಬೈಕು ಒಂದು ದಿನ ನಿಂತರೆ ಆ ದಿನದ ಸಂಪಾದನೆಯೂ ನಿಲ್ಲುವ ಜನರನ್ನು, ಎಂದರೆ ಹಾಲು ಹಾಕುವವರು, ಪೇಪರ್ ಏಜೆಂಟರು, ಊರೂರು ತಿರುಗುವ ಮೆಡಿಕಲ್ ರೆಪ್‌ಗಳನ್ನು ಕೇಳುವುದು ಮೇಲು. ಒಂಟಿಕೊಪ್ಪಲಿನ ಗ್ಯಾರೇಜನ್ನು ನನಗೆ ತೋರಿಸಿದ್ದು ನಮ್ಮ ಬೀದಿಗೆ ಪೇಪರ್ ಹಾಕುವವರೇ.

ಹಾಗೆಂದು ರಸ್ತೆಬದಿಯವರೆಲ್ಲ ಒಳ್ಳೆಯವರು, ಕಂಪನಿಯವರೆಲ್ಲ ಮೋಸಗಾರರು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2020ರ ಏಪ್ರಿಲ್ 1ರಿಂದ ಹೊಗೆಯ ಮಾಲಿನ್ಯಕ್ಕೆ ಮಿತಿ ಹಾಕುವ ಬಿಎಸ್6 ನಿಯಮ ಬಂದ ಮೇಲೆ ಹೊಸ ಬೈಕುಗಳ ಕಾರ್ಬ್ಯುರೇಟರ್ ಹೆಚ್ಚುಕಡಿಮೆ ಮಾಯವಾಗಿ, ಇಂಜೆಕ್ಟರ್, ಆಕ್ಸಿಜನ್ ಸೆನ್ಸರ್, ಅವನ್ನೆಲ್ಲ ನಡೆಸುವ ಇಸಿಯು ಎಂಬ ಪುಟ್ಟ ಕಂಪ್ಯೂಟರ್ ಬಂದವು. ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿದರೆ ಸ್ಕ್ಯಾನರ್ ಹಾಕಿ ಕೋಡ್ ಓದಬೇಕು, ಕಿವಿಗೊಟ್ಟು ಕೇಳಿದರೆ ಸಾಲದು. ಸೆನ್ಸರಿನ ವೈರು ಕಿತ್ತರೆ ಪಿಕಪ್ ಬರುತ್ತದೆ ಎನ್ನುವವರು ನಿಮ್ಮ ಮೈಲೇಜನ್ನೂ ಸೈಲೆನ್ಸರಿನೊಳಗೆ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ಒಟ್ಟಿಗೆ ಹಾಳು ಮಾಡುತ್ತಾರೆ. ತಮ್ಮಲ್ಲಿ ಸ್ಕ್ಯಾನರ್ ಇಲ್ಲ, ಕಂಪನಿಗೆ ತೋರಿಸಿ ಎನ್ನುವ ಮೇಸ್ತ್ರಿಗೆ ಉಳಿದ ಕೆಲಸಗಳನ್ನು ಧೈರ್ಯವಾಗಿ ಕೊಡಬಹುದು. ಆದರೂ ಮೊದಲ ಭೇಟಿಯಲ್ಲೇ ಎಂಜಿನ್ ಬಿಚ್ಚಿಸಬಾರದು. ಕ್ಲಚ್ ಕೇಬಲ್ಲೋ ಚೈನ್ ಬಿಗಿ ಮಾಡುವುದೋ ಇಂಥ ಚಿಕ್ಕ ಕೆಲಸ ಕೊಟ್ಟು ನೋಡಬೇಕು. ಚೈನು ಎಲ್ಲ ಕಡೆ ಒಂದೇ ಸಮ ಹಿಗ್ಗುವುದಿಲ್ಲ. ಚಕ್ರ ತಿರುಗಿಸಿ ಅತಿ ಬಿಗಿಯಾದ ಜಾಗ ಹುಡುಕಿ ಅಲ್ಲಿ ಅಳೆಯುವವನಿಗೂ, ಎದುರಿಗೆ ಸಿಕ್ಕ ಜಾಗದಲ್ಲೇ ಬೆರಳಿನಿಂದ ಎತ್ತಿ ಬಿಗಿಯುವವನಿಗೂ ವ್ಯತ್ಯಾಸ ಎರಡು ನಿಮಿಷದಲ್ಲಿ ತಿಳಿಯುತ್ತದೆ. ಟ್ಯಾಪೆಟ್, ಎಂದರೆ ಎಂಜಿನ್ ವಾಲ್ವಿನ ಸಂದು, ಕೂಡ ಹಾಗೆಯೇ: ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಸಂದು ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್ ಇಟ್ಟು ಹೊಂದಿಸಬೇಕಾದದ್ದನ್ನು ಬಿಸಿ ಎಂಜಿನ್ನಿನ ಮೇಲೆ ಅಂದಾಜಿನಲ್ಲಿ ಮಾಡುವವರ ಬಳಿ ನಿಲ್ಲಬಾರದು.

ಬಿಡಿಭಾಗಗಳ ವಿಷಯದಲ್ಲಿ ಮೇಸ್ತ್ರಿಯ ಪ್ರಾಮಾಣಿಕತೆಯಷ್ಟೇ ನಮ್ಮ ಜಿಪುಣತನವೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದೇ ಬ್ರೇಕ್ ಶೂ ಮೂರು ಬೆಲೆಗೆ ಸಿಗುತ್ತದೆ, ‘ಒರಿಜಿನಲ್ಲೋ ಲೋಕಲ್ಲೋ’ ಎಂದು ಅಂಗಡಿಯವರೇ ಕೇಳುತ್ತಾರೆ. ಕೇಳದೆ ಲೋಕಲ್ ಹಾಕಿ ಒರಿಜಿನಲ್ ಬೆಲೆ ಬರೆಯುವವನು ಮಾತ್ರ ಕಳ್ಳ. ಭಾಗಸಂಖ್ಯೆಯೂ ಗರಿಷ್ಠ ಮಾರಾಟ ಬೆಲೆಯೂ ಇರುವ ಖಾಲಿ ಪೊಟ್ಟಣವನ್ನು ಕೇಳಿ ಪಡೆಯುವುದು ಇದಕ್ಕೆ ಸುಲಭದ ತಡೆ. ಎಂಜಿನ್ ಆಯಿಲ್ ಡಬ್ಬಿಯನ್ನು ಕಣ್ಣೆದುರಿಗೇ ತೆರೆಯಬೇಕು, ಅದರ ಮೇಲೆ ಬೈಕಿನ ಆಯಿಲ್ಲಿನ ಮಾನಕವಾದ ಜಾಸೋ ಎಂಎ ಅಥವಾ ಎಂಎ2 ಎಂಬ ಗುರುತು ಇರಬೇಕು. ಬಹುಪಾಲು ಬೈಕುಗಳ ಕ್ಲಚ್ ಅದೇ ಎಣ್ಣೆಯಲ್ಲಿ ಮುಳುಗಿರುವುದರಿಂದ, ಘರ್ಷಣೆ ತಗ್ಗಿಸುವ ವಸ್ತುಗಳನ್ನು ಬೆರೆಸಿದ ಕಾರಿನ ಆಯಿಲ್ ಹಾಕಿದರೆ ಪ್ಲೇಟುಗಳು ಜಾರಬಹುದು.

ಡೀಲರನ್ನು ಆರಿಸುವಾಗ ನಾನು ಇಷ್ಟು ಎಚ್ಚರದಿಂದ ಇರಲಿಲ್ಲ. ಆಮೇಲೆ ಕೊಟೇಶನ್ನನ್ನು ಹರವಿಕೊಂಡು ನೋಡಿದಾಗ, ಷೋರೂಮ್ ಬೆಲೆ, ಜೀವಾವಧಿ ತೆರಿಗೆ ಮತ್ತು ನೋಂದಣಿ, ವಿಮೆ ಈ ಮೂರರಾಚೆಗೆ ಇರುವುದೆಲ್ಲ ಚೌಕಾಸಿಗೆ ಸೇರಿದ್ದೆಂದು ತಿಳಿಯಿತು. ‘ಹ್ಯಾಂಡ್ಲಿಂಗ್’ ಎಂಬ ಸಾಲು ಸರ್ಕಾರದ ತೆರಿಗೆಯಲ್ಲ. ಹಿಂದೆ ಕೂರುವವರ ಬಟ್ಟೆ ಚಕ್ರಕ್ಕೆ ಸಿಲುಕದಂತೆ ತಡೆಯುವ ಕವಚ ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮ ಹೇಳುತ್ತದೆ. ನನಗೆ ಸೀರೆ ಗಾರ್ಡನ್ನು ಅಲಂಕಾರದ ವಸ್ತುಗಳ ಪಟ್ಟಿಯಲ್ಲಿ ಮಾರಲಾಗಿತ್ತು. ವಾಹನ ಕೊಳ್ಳುವಾಗ ಐಎಸ್‌ಐ ಗುರುತಿನ ಹೆಲ್ಮೆಟ್ ಕೊಡಬೇಕೆಂಬುದೂ ಅದೇ ನಿಯಮಗಳಲ್ಲಿದೆ. ವಿಮೆಯನ್ನು ಷೋರೂಮಿನಲ್ಲೇ ಕೊಳ್ಳಬೇಕೆಂಬ ಕಟ್ಟಳೆಯಿಲ್ಲ. 2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಮೂರನೆಯವರ ವಿಮೆ (ನಮ್ಮ ವಾಹನದಿಂದ ಬೇರೆಯವರಿಗಾದ ಹಾನಿಗೆ) ಕಡ್ಡಾಯ, ಸ್ವಂತ ಹಾನಿಯ ಭಾಗವನ್ನು ಒಂದೇ ವರ್ಷಕ್ಕೆ ಮಾಡಿಸಬಹುದು. ಒಳ್ಳೆಯ ಡೀಲರು ಯಾರೆಂದು ನೋಡಲು ಇಷ್ಟು ಸಾಕು: ಪ್ರತಿ ಸಾಲನ್ನೂ ಬೇರೆಬೇರೆಯಾಗಿ ಬರೆದು, ಮೊಹರು ಹಾಕಿ, ಮುಂಗಡ ಕೇಳುವ ಮೊದಲೇ ಕೊಡುವನೇ ಎಂದು ಪರೀಕ್ಷಿಸಿ. ಬೈಕನ್ನು ಒಪ್ಪಿಕೊಳ್ಳುವ ದಿನ ಫಾರಂ 21ರಲ್ಲಿ, ಎಂದರೆ ಡೀಲರು ಕೊಡುವ ಮಾರಾಟ ಪತ್ರದಲ್ಲಿ, ತಯಾರಾದ ತಿಂಗಳು ಮತ್ತು ವರ್ಷವನ್ನು ನೋಡಬೇಕು, ಟೈರಿನ ಮೇಲಿನ ನಾಲ್ಕು ಅಂಕಿಗಳನ್ನೂ ನೋಡಬೇಕು. ಅಲ್ಲಿ 1824 ಎಂದಿದ್ದರೆ ಅದು 2024ರ ಹದಿನೆಂಟನೆಯ ವಾರದ ಟೈರು.

ಸೆಕೆಂಡ್‌ಹ್ಯಾಂಡ್ ಮಾರುವವರ ವಿಷಯದಲ್ಲಿ ಒಂದು ಬದಲಾವಣೆ ಬಹಳ ಜನರಿಗೆ ಇನ್ನೂ ತಿಳಿದಿಲ್ಲ. 2023ರ ಏಪ್ರಿಲ್ 1ರಿಂದ ಹಳೆಯ ವಾಹನಗಳ ವ್ಯಾಪಾರಿಗಳು ಸಾರಿಗೆ ಪ್ರಾಧಿಕಾರದಿಂದ ಅಧಿಕಾರಪತ್ರ ಪಡೆಯಬೇಕೆಂಬ ನಿಯಮ ಬಂದಿದೆ. ಅದು ಫಾರಂ 29ಬಿ. ಮಾಲೀಕ ವಾಹನವನ್ನು ಅಂಥ ವ್ಯಾಪಾರಿಗೆ ಒಪ್ಪಿಸಿದ್ದನ್ನು ಫಾರಂ 29ಸಿಯಲ್ಲಿ ತಿಳಿಸಬೇಕು. ಆ ಪತ್ರ ತೋರಿಸಿ ಎಂದರೆ ಕೆಲವರು ಮುಖ ಸಿಂಡರಿಸುತ್ತಾರೆ, ಅಲ್ಲಿಂದ ಎದ್ದು ಬರಬಹುದು. ತೋರಿಸಿದವರ ಬಳಿಯೂ ಸ್ಟಾರ್ಟ್ ಮಾಡುವ ಮೊದಲು ಎಂಜಿನ್ ಮೇಲೆ ಅಂಗೈ ಇಟ್ಟು ನೋಡಬೇಕು. ನಾವು ಹೋಗುವ ಮೊದಲೇ ಅದು ಬೆಚ್ಚಗಾಗಿದ್ದರೆ, ತಣ್ಣಗಿದ್ದಾಗ ಹೊರಡುವ ಸದ್ದೋ ನೀಲಿ ಹೊಗೆಯೋ ನಮಗೆ ಕಾಣದಿರಲೆಂದು ಬೆಚ್ಚಗಾಗಿಸಿರಬಹುದು. ಆರ್‌ಸಿಯಲ್ಲಿ ಸಾಲದ ನಮೂದು ಉಳಿದಿದ್ದರೆ ಬ್ಯಾಂಕಿನ ಪತ್ರ ಮತ್ತು ಸಾಲ ತೀರಿತೆಂದು ಆ ನಮೂದನ್ನು ತೆಗೆಸುವ ಫಾರಂ 35 ಬಾರದೆ ಹಣ ಕೊಡಬಾರದು.

ನನ್ನ ಡ್ರೈನ್ ಬೋಲ್ಟಿನ ಕಥೆ ಮೂರು ವಾರ ನಡೆಯಿತು. ಮೇಸ್ತ್ರಿ ಹೇಳಿದಂತೆ ಫೋಟೋಗಳನ್ನೂ ಬಿಲ್ಲನ್ನೂ ಸೇರಿಸಿ ತಯಾರಕ ಕಂಪನಿಯ ಗ್ರಾಹಕ ವಿಭಾಗಕ್ಕೆ ಇಮೇಲ್ ಬರೆದೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಟ್ಟೆ. ಕಂಪನಿಯ ಅಧಿಕಾರಿಯೊಬ್ಬರು ಬಂದು ನೋಡಿ, ಎಂಜಿನ್ನಿನ ಕವಚವನ್ನು ಉಚಿತವಾಗಿ ಬದಲಿಸಿ ಕೊಡುವಂತೆ ಕೇಂದ್ರಕ್ಕೆ ಹೇಳಿದರು. ಡಿಕಾರ್ಬನೈಸಿಂಗಿನ ಹಣ ಮಾತ್ರ ಮರಳಲಿಲ್ಲ, ನಾನು ಸಹಿ ಹಾಕಿದ ಕಾರ್ಡನ್ನು ಅವರು ನನಗೇ ತೋರಿಸಿದರು. ವಾರಂಟಿ ಮುಗಿಯುವವರೆಗೆ ನಿಗದಿತ ಸರ್ವಿಸುಗಳನ್ನು ಅಧಿಕೃತ ಕೇಂದ್ರದಲ್ಲೇ ಮಾಡಿಸಬೇಕಾದ್ದರಿಂದ ಈಗ ಊರಿನ ಇನ್ನೊಂದು ಕೇಂದ್ರಕ್ಕೆ ಹೋಗುತ್ತೇನೆ. ಚೈನು, ಕೇಬಲ್ಲುಗಳಿಗೆ ಒಂಟಿಕೊಪ್ಪಲಿನ ಮೇಸ್ತ್ರಿ ಇದ್ದಾರೆ. ಎಣ್ಣೆ ನಿಂತು ವರ್ಷವಾಗುತ್ತ ಬಂತು. ಆ ದಿನ ಬೈಕಿನ ಕೆಳಗೆ ಹಾಸಿದ ರಟ್ಟನ್ನು ಮಗಳು ಎತ್ತಿ ಬಿಸಾಡಬೇಕೆನ್ನುತ್ತಾಳೆ. ನಾನು ಇನ್ನೂ ಬಿಟ್ಟಿಲ್ಲ, ಬೆಳಿಗ್ಗೆ ಪೇಪರ್ ಎತ್ತಿಕೊಳ್ಳಲು ಹೋದಾಗ ಒಮ್ಮೆ ಬಗ್ಗಿ ನೋಡಿಕೊಂಡೇ ಬರುತ್ತೇನೆ.