ಬ್ಯಾಕ್‌ಟಿಕ್‌ಗೂ ವಿಭಕ್ತಿಗೂ ಜಗಳ: ಕೈಪಿಡಿ ಕೆಲಸದ ಐದನೇ ತಿಂಗಳು

ನಿನ್ನೆ ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಕೈಪಿಡಿಯ ಬಿಲ್ಡ್ (ಬರೆದಿದ್ದನ್ನೆಲ್ಲ ಪುಟಗಳಾಗಿ ಮಾಡುವ ಕೆಲಸ) ಮುಗಿಯಿತು. ವಾರ್ನಿಂಗ್ ಸೊನ್ನೆ. ಖುಷಿ ತಡೆಯಲಾರದೆ ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. "ಏನೂ ಬಂದೇ ಇಲ್ವಲ್ರೀ" ಅಂದಳು. ಅದೇ ಕಣೇ ಸುದ್ದಿ, ಏನೂ ಬಂದಿಲ್ಲ!

ಹೊಸಬರಿಗೆ ಎರಡು ಮಾತು. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಬಿಲ್ಟ್-ಇನ್ ಫಂಕ್ಷನ್‌ಗಳಿಗೂ ಮೂಲ ಟೈಪ್‌ಗಳಿಗೂ ಕನ್ನಡದಲ್ಲಿ ಒಂದು ರೆಫರೆನ್ಸ್ ಕೈಪಿಡಿ ಬರೆಯುತ್ತಿದ್ದೇವೆ. ಅನುವಾದ ಅಲ್ಲ, ನಮ್ಮದೇ ಬರವಣಿಗೆ. ಆರು ಜನ ಇದ್ದೇವೆ. ನಾನು ಬರೆಯುವುದು ಕಡಿಮೆ, ಉಳಿದ ಐವರ ಹಿಂದೆ ಓಡುವುದೇ ಜಾಸ್ತಿ. ಸ್ಫಿಂಕ್ಸ್ (ಪುಟಗಳನ್ನು ತಯಾರಿಸುವ ಸಾಫ್ಟ್‌ವೇರ್) ಹಾಕಿಕೊಳ್ಳುವುದು, ಗಿಟ್, ಥೀಮ್, ಫಾಂಟ್ ಎಲ್ಲ ನಿಮಗೆ ಗೊತ್ತಿರುವುದೇ, ಬಿಟ್ಟುಬಿಡುತ್ತೇನೆ. ಎರಡು ತಿಂಗಳು ನನ್ನ ತಲೆ ತಿಂದಿದ್ದು ಒಂದೇ ವಿಷಯ. ಕೋಡ್ ಪದಕ್ಕೆ 'ಗೆ' ಹಚ್ಚುವುದು ಹೇಗೆ?

ನಗಬೇಡಿ. ಕೈಪಿಡಿಯಲ್ಲಿ ಲಿಸ್ಟ್ ಅನ್ನುವ ಪದ ಇಂಗ್ಲಿಷ್ ಅಕ್ಷರದಲ್ಲಿ, ಆಚೆ ಈಚೆ ಎರಡೆರಡು ಬ್ಯಾಕ್‌ಟಿಕ್ (ಇದು ಕೋಡ್ ಅಂತ ಹೇಳುವ ` ಚಿಹ್ನೆ) ಇಟ್ಟುಕೊಂಡು ಬರುತ್ತದೆ. ಅದರ ಬೆನ್ನಿಗೇ 'ಗೆ' ಅಂಟಿಸಿದರೆ ಸ್ಫಿಂಕ್ಸ್ ಮುನಿಸಿಕೊಳ್ಳುತ್ತದೆ. ಮುಗಿಸುವ ಬ್ಯಾಕ್‌ಟಿಕ್ ಆದ ಮೇಲೆ ಖಾಲಿ ಜಾಗವೋ ಪೂರ್ಣವಿರಾಮದಂಥ ಚಿಹ್ನೆಯೋ ಇರಲೇಬೇಕು ಅನ್ನುವುದು ಅದರ ಹೊಟ್ಟೆಯೊಳಗಿರುವ ಡಾಕ್‌ಯುಟಿಲ್ಸ್‌ನ ನಿಯಮ. ಅಕ್ಷರ ಬಂತೋ, ಬ್ಯಾಕ್‌ಟಿಕ್ ಮುಗಿದೇ ಇಲ್ಲ ಅಂದುಕೊಳ್ಳುತ್ತದೆ. ಸ್ಫಿಂಕ್ಸ್ ಹುಟ್ಟಿದ್ದೇ ಪೈಥಾನ್‌ನ ಸ್ವಂತ ದಾಖಲೆಗಳಿಗಾಗಿ. 2007ರವರೆಗೆ ಅವು ಲೇಟೆಕ್ ಅನ್ನುವ ಬೇರೆ ವ್ಯವಸ್ಥೆಯಲ್ಲಿ ಇದ್ದವು. ಇಂಗ್ಲಿಷಿನವರಿಗೆ 'ಟು', 'ಇನ್' ಎಲ್ಲ ಮುಂಚೆಯೇ ಬೇರೆ ಪದವಾಗಿ ಬಂದು ನಿಲ್ಲುತ್ತವೆ. ಬಹುವಚನದ 'ಎಸ್' ಅಂಟಿಸುವಾಗ ಮಾತ್ರ ಅವರಿಗೆ ಈ ಕಷ್ಟ. ನಮಗೆ ಪ್ರತಿ ಸಾಲಿನಲ್ಲೂ ಗೆ, ನ್ನು, ಇಂದ, ಅಲ್ಲಿ.

ಇದಕ್ಕೆ ಅಧಿಕೃತ ಮದ್ದು ಇದೆ. ಬ್ಯಾಕ್‌ಟಿಕ್ ಆದ ಮೇಲೆ ಒಂದು ಬ್ಯಾಕ್‌ಸ್ಲಾಶ್, ಒಂದು ಸ್ಪೇಸ್, ಆಮೇಲೆ 'ಗೆ'. ಪುಟದಲ್ಲಿ ಆ ಎರಡೂ ಮಾಯವಾಗಿ ಅಂಟಿಕೊಂಡೇ ಕಾಣುತ್ತದೆ. ಜಪಾನಿನವರೂ ಹೀಗೇ ಮಾಡುತ್ತಾರೆ. ನಾನೂ ನಿಯಮ ಮಾಡಿ ಗುಂಪಿಗೆ ಹಾಕಿದೆ.

ಮೇಷ್ಟ್ರು (ನಿವೃತ್ತ ಹೈಸ್ಕೂಲ್ ಕನ್ನಡ ಮೇಷ್ಟ್ರು, ನಮ್ಮ ಭಾಷೆ ತಿದ್ದುವವರು) ಫೋನಿನಲ್ಲಿ ಟೈಪ್ ಮಾಡುತ್ತಾರೆ. ಅವರಿಗೆ ಬ್ಯಾಕ್‌ಸ್ಲಾಶ್ ಎಲ್ಲಿದೆ ಅಂತ ತೋರಿಸುವುದಕ್ಕೇ ಒಂದು ವಿಡಿಯೋ ಕಾಲ್ ಆಯಿತು. ಪುತ್ತೂರಿನ ಹುಡುಗಿ ಮುಂದಕ್ಕೆ ವಾಲಿದ ಸ್ಲಾಶ್ ಹಾಕಿದಳು. ಸ್ಲಾಶ್ ಕೂಡ ಒಪ್ಪಿತ ಚಿಹ್ನೆಯೇ ಆದ್ದರಿಂದ ಬಿಲ್ಡ್ ಪಾಸ್ ಆಗಿ, ಮೂವತ್ತು ಪುಟ ಪೂರ್ತಿ 'ಲಿಸ್ಟ್/ಗೆ', 'ಲಿಸ್ಟ್/ನಲ್ಲಿ' ಅಂತ ಕೂತುಬಿಟ್ಟಿತು.

ಸರಿ, ಜನರನ್ನು ತಿದ್ದುವುದಕ್ಕಿಂತ ಸ್ಕ್ರಿಪ್ಟ್ ಬರೆಯೋಣ ಅಂದುಕೊಂಡೆ. ಎರಡು ಬ್ಯಾಕ್‌ಟಿಕ್ ಆದ ತಕ್ಷಣ ಕನ್ನಡ ಅಕ್ಷರ ಕಂಡರೆ ನಡುವೆ ಬ್ಯಾಕ್‌ಸ್ಲಾಶ್-ಸ್ಪೇಸ್ ತೂರಿಸು. ಒಂದೇ ಸಾಲಿನ ರೆಜೆಕ್ಸ್ (ಅಕ್ಷರಗಳ ಮಾದರಿ ಹುಡುಕುವ ಸೂತ್ರ). ಒಂದು ವಾರ ರಾಜನ ಹಾಗೆ ಓಡಾಡಿದೆ.

ಆಮೇಲೆ ವೇರಿಯಬಲ್ ಅಧ್ಯಾಯ ಬಂತು. ಪೈಥಾನ್ 3ರಲ್ಲಿ ವೇರಿಯಬಲ್ ಹೆಸರು ಕನ್ನಡದಲ್ಲೇ ಇಡಬಹುದು, ಅಲ್ವಾ? ಹುಬ್ಬಳ್ಳಿಯವರು ಪ್ರೀತಿಯಿಂದ 'ವಯಸ್ಸು = 5' ಅಂತ ಬ್ಯಾಕ್‌ಟಿಕ್ ಒಳಗೆ ಬರೆದಿದ್ದರು. ಅಲ್ಲಿ ಕನ್ನಡ ಅಕ್ಷರ ಬರುವುದು ಶುರುವಿನ ಬ್ಯಾಕ್‌ಟಿಕ್ ಆದ ಮೇಲೆ. ನನ್ನ ಸ್ಕ್ರಿಪ್ಟ್‌ಗೆ ಶುರು ಯಾವುದು, ಮುಕ್ತಾಯ ಯಾವುದು ಅಂತ ಹೇಗೆ ಗೊತ್ತಾಗಬೇಕು? ಕೋಡ್ ಒಳಕ್ಕೇ ಬ್ಯಾಕ್‌ಸ್ಲಾಶ್ ನುಗ್ಗಿತು. ಬ್ಯಾಕ್‌ಟಿಕ್ ಒಳಗೆ ಬ್ಯಾಕ್‌ಸ್ಲಾಶ್ ಮಾಯವಾಗುವುದಿಲ್ಲ, ಇದ್ದ ಹಾಗೇ ಅಚ್ಚಾಗುತ್ತದೆ. ಅದನ್ನೇ ನೋಡಿ ಟೈಪ್ ಮಾಡಿದ ಓದುಗನ ಕಥೆ ಮುಗಿಯಿತು.

ಅದೇ ಅಧ್ಯಾಯದಲ್ಲಿ ಇನ್ನೊಂದು ತಮಾಷೆ. 'ಹೆಸರು' ಅಂತ ವೇರಿಯಬಲ್ ಇಡಬಹುದು, 'ಸಾಫ್ಟ್‌ವೇರ್' ಅಂತ ಇಡಲಾಗದು. ನಡುವೆ ಟ್-ಗೆ ವ ಒತ್ತಾಗಿ ಇಳಿಯದಿರಲಿ ಅಂತ ನಾವು ಹಾಕುವ ಕಣ್ಣಿಗೆ ಕಾಣದ ಜೋಡಣೆ-ತಡೆ ಅಕ್ಷರ ಇದೆಯಲ್ಲ, ಪೈಥಾನ್‌ಗೆ ಅದು ಹೆಸರಿನಲ್ಲಿ ಬರಕೂಡದು. ಸಿಂಟ್ಯಾಕ್ಸ್ ಎರರ್. ಇದೇ ಕಾಣದ ಅಕ್ಷರ ನಮ್ಮ ಪದಕೋಶದ ಕೊಂಡಿಗಳನ್ನೂ ಮುರಿದಿತ್ತು. ಒಬ್ಬರು 'ಲೂಪ್' ಅಂತ ಬರೆದು ಕೊನೆಯಲ್ಲಿ ಅದನ್ನು ಉಳಿಸಿರುತ್ತಾರೆ, ಇನ್ನೊಬ್ಬರು ಉಳಿಸಿರುವುದಿಲ್ಲ. ಕಣ್ಣಿಗೆ ಎರಡೂ ಒಂದೇ, ಸ್ಫಿಂಕ್ಸ್‌ಗೆ ಬೇರೆ ಬೇರೆ. ಅದಕ್ಕೆ ಮಾತ್ರ ಸ್ಕ್ರಿಪ್ಟ್ ಕೆಲಸ ಮಾಡಿತು. ಪದದ ಕೊನೆಯಲ್ಲಿದ್ದರೆ ಕಿತ್ತು ಹಾಕು, ಅಷ್ಟೇ.

ಮೂರನೇ ಪ್ರಯತ್ನ ಡಾಕ್‌ಯುಟಿಲ್ಸ್‌ನದೇ ಒಂದು ಸೆಟ್ಟಿಂಗ್. ಪದದ ನಡುವೆಯೂ ಮಾರ್ಕಪ್ (ಬ್ಯಾಕ್‌ಟಿಕ್ ಥರದ ಗುರುತು) ಒಪ್ಪಿಕೋ ಅಂತ ಹೇಳಬಹುದು. ಚೀನಾ, ಜಪಾನಿನ ಭಾಷೆಗಳಿಗೆ ಅನುಕೂಲ ಅಂತ ಇಟ್ಟಿದ್ದಾರೆ. ಆದರೆ ಜೋಪಾನ ಅಂತ ಅವರೇ ಬರೆದಿದ್ದಾರೆ. ನಾನು ಓದಲಿಲ್ಲ. ಹಚ್ಚಿದ ಮರುಕ್ಷಣ, ಬ್ಯಾಕ್‌ಟಿಕ್ ಹಾಕದೆ ಬಿಟ್ಟಿದ್ದ 'ಫೈಲ್_ನೇಮ್' ಥರದ ಅಂಡರ್‌ಸ್ಕೋರ್ ಹೆಸರುಗಳೆಲ್ಲ ಲಿಂಕ್ ಆಗಲು ಹೊರಟವು. ವಾರ್ನಿಂಗ್ ನಲವತ್ತು ಇದ್ದದ್ದು ಮುನ್ನೂರು ದಾಟಿತು. ತೆಗೆದು ಹಾಕಿ ಕಾಫಿ ಕುಡಿದೆ.

ಇದರ ಮಧ್ಯೆ ಡಿಟಿಪಿ ಅಂಗಡಿಯ ಗೋಳು. ಊರಿನ ಸರ್ಕಾರಿ ಶಾಲೆಯ ಲ್ಯಾಬ್‌ಗೆ ಮೊದಲ ಎರಡು ಅಧ್ಯಾಯದ ಇಪ್ಪತ್ತು ಪ್ರತಿ ಬೇಕಿತ್ತು. ಪಿಡಿಎಫ್ ಕೊಟ್ಟರೆ "ಇದು ಬೇಡ ಸಾರ್, ಮ್ಯಾಟರ್ ಕೊಡಿ, ನಾವೇ ಸೆಟ್ ಮಾಡ್ತೀವಿ" ಅಂದರು. ಯೂನಿಕೋಡನ್ನು ಹಳೆಯ ಆಸ್ಕಿ ಫಾಂಟ್‌ಗೆ ತಿರುಗಿಸಿಕೊಂಡರು. ಅಷ್ಟಾದರೆ ಪರವಾಗಿಲ್ಲ. ಕೋಡ್ ಸಾಲುಗಳು "ಅಂಕುಡೊಂಕಾಗಿದ್ವು" ಅಂತ ಎಲ್ಲವನ್ನೂ ಎಡಕ್ಕೆ ಸರಿಸಿ ನೇರ ಮಾಡಿಟ್ಟಿದ್ದರು! ಸಾಲು ಎಷ್ಟು ಒಳಕ್ಕೆ ಸರಿದಿದೆ ಅನ್ನುವುದರ ಮೇಲೇ ಅರ್ಥ ನಿಂತಿರುವ ಪೈಥಾನ್‌ನಲ್ಲಿ! ಜೊತೆಗೆ ನೆಟ್ಟಗಿದ್ದ ಉದ್ಧರಣ ಚಿಹ್ನೆಗಳನ್ನೆಲ್ಲ ಚೆಂದದ ಬಾಗು ಚಿಹ್ನೆ ಮಾಡಿದ್ದರು. ದುಡ್ಡು ಕೇಳಿದ್ದು ಮಾತ್ರ ಪೂರ್ತಿ. ಈಗ ಝೆರಾಕ್ಸ್ ಅಂಗಡಿಗೇ ಪಿಡಿಎಫ್ ಕೊಡುತ್ತೇನೆ.

ನಿಜವಾದ ದಾರಿ ತೋರಿಸಿದ್ದು ಮೇಷ್ಟ್ರು. ಅಸಲಿಗೆ ನಮ್ಮ ತೊಂದರೆ ಬ್ಯಾಕ್‌ಟಿಕ್‌ನದು ಮಾತ್ರ ಆಗಿರಲಿಲ್ಲ. ಯಾವ ಪ್ರತ್ಯಯ ಹಚ್ಚಬೇಕು ಅನ್ನುವುದೇ ಜಗಳ. 'ಎಸ್‌ಟಿಆರ್' ಅಂತ ಇಂಗ್ಲಿಷಿನಲ್ಲಿ ಬರೆದಿದ್ದನ್ನು ಒಬ್ಬರು ಸ್ಟ್ರಿಂಗ್ ಅಂತ ಓದಿ 'ಸ್ಟ್ರಿಂಗಿಗೆ' ಅನ್ನುತ್ತಾರೆ, ಇನ್ನೊಬ್ಬರು ಅಕ್ಷರ ಬಿಡಿಸಿ ಓದಿ 'ಆರ್‌ಗೆ' ಅನ್ನುತ್ತಾರೆ. ಖಾಲಿ ಚೌಕ ಆವರಣಕ್ಕೆ ಏನು ಹಚ್ಚುತ್ತೀರಿ? ಅದನ್ನು ಓದುವುದಾದರೂ ಹೇಗೆ?

ಮೇಷ್ಟ್ರಿಗೆ ಫೋನ್ ಮಾಡಿ ಇದನ್ನೆಲ್ಲ ತೋಡಿಕೊಂಡೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಕಾವೇರಿಗೆ ಸೇತುವೆ ಕಟ್ಟಿದರು ಅಂತೀವಿ. ಪರದೇಶದ ಹೊಳೆ ಆದರೆ? ನೈಜರ್ ನದಿಗೆ ಸೇತುವೆ ಕಟ್ಟಿದರು ಅಂತೀವಿ. ಗುರುತಿಲ್ಲದ ಹೆಸರಿಗೆ ನೇರವಾಗಿ ಪ್ರತ್ಯಯ ಹಚ್ಚಲ್ಲಪ್ಪ. ಅದು ಏನು ಅಂತ ಹೇಳೋ ಪದ ಇಡು, ಪ್ರತ್ಯಯ ಅದಕ್ಕೆ ಹಚ್ಚು."

ಎರಡು ತಿಂಗಳ ರೆಜೆಕ್ಸ್ ಒಂದು ಹೊಳೆಯಲ್ಲಿ ಕೊಚ್ಚಿ ಹೋಯಿತು.

ಈಗ ನಮ್ಮ ನಿಯಮ ಇದು. ಬ್ಯಾಕ್‌ಟಿಕ್ ಆದ ಮೇಲೆ ಸ್ಪೇಸ್, ಆಮೇಲೆ ಫಂಕ್ಷನ್, ಟೈಪ್, ಮೆಥಡ್, ಚಿಹ್ನೆ ಹೀಗೆ ಯಾವುದಾದರೂ ಜಾತಿಪದ, ಪ್ರತ್ಯಯ ಅದಕ್ಕೆ. ಸ್ಫಿಂಕ್ಸ್‌ಗೂ ಖುಷಿ, ಉಚ್ಚಾರದ ಜಗಳವೂ ಇಲ್ಲ. ಮೊದಲ ಕರಡು ಮಾತ್ರ ಸರ್ಕಾರಿ ಸುತ್ತೋಲೆಯ ಥರ ಬಂತು. ಪ್ರತಿ ಸಾಲಿನಲ್ಲೂ ಟೈಪ್‌ಗೆ, ಟೈಪ್‌ನಿಂದ. ಅದಕ್ಕೊಂದು ತಿದ್ದುಪಡಿ: ಪುಟದಲ್ಲಿ ಒಂದು ಸಲ ಪರಿಚಯ ಆದ ಮೇಲೆ ಕನ್ನಡ ಲಿಪಿಯಲ್ಲೇ, ಬ್ಯಾಕ್‌ಟಿಕ್ ಇಲ್ಲದೆ, 'ಲಿಸ್ಟ್‌ಗೆ' ಅಂತ ಬರೆಯಬಹುದು. ಹಳೆಯ ಪುಟಗಳನ್ನು ಆರು ಜನ ಹಂಚಿಕೊಂಡು ಮೂರು ಭಾನುವಾರದಲ್ಲಿ ಕೈಯಿಂದಲೇ ತಿದ್ದಿದೆವು.

ಮುಂದಿನ ಹುಚ್ಚು ಈಗಲೇ ಹತ್ತಿದೆ. ಕೊನೆಯ ಪುಟದ ಅಕಾರಾದಿ ಸೂಚಿ. ಸ್ಫಿಂಕ್ಸ್ ಯೂನಿಕೋಡ್ ಸಂಖ್ಯೆ ನೋಡಿ ಜೋಡಿಸುತ್ತದೆ. ಅಲ್ಲಿ ಳ ಬರುವುದು ಲ ಆದ ತಕ್ಷಣ, ವ-ಗಿಂತ ಮೊದಲು. ನಾವು ಶಾಲೆಯಲ್ಲಿ ಕಲಿತಿದ್ದು ಹ ಆದ ಮೇಲೆ ಳ. ಹಾಗಾಗಿ 'ಬಳಕೆ' ಬಂದು 'ಬಹುವಚನ'ದ ಮುಂದೆ ಕೂತಿದೆ. ಜೋಡಿಸುವ ಕೀಲಿಯನ್ನು ನಾನೇ ಬರೆಯುತ್ತೇನೆ, ಒಂದು ಸಂಜೆಯ ಕೆಲಸ. (ಹೌದು, ರೆಜೆಕ್ಸ್ ಬಗ್ಗೆಯೂ ಇದನ್ನೇ ಅಂದಿದ್ದೆ.)

ಇವತ್ತು ಬೆಳಿಗ್ಗೆ ಹುಬ್ಬಳ್ಳಿಯವರ ಹೊಸ ಪುಟ ಬಂದಿದೆ. ಪರಿಚಯ ಆದ ಮೇಲೆ ಕನ್ನಡದಲ್ಲಿ ಬರೆಯಬಹುದು ಅಂದಿದ್ದೆನಲ್ಲ, ಪುಟದ ತುಂಬ 'ಲಿಸ್ಟಿನ್ಯಾಗ' ಅಂತ ಬರೆದಿದ್ದಾರೆ. ಬಿಲ್ಡ್ ಪಾಸ್ ಆಗಿದೆ. ಮೇಷ್ಟ್ರು ಇನ್ನೂ ನೋಡಿಲ್ಲ.