ಇಲ್ಲ, ಆ ರ‍್ಯಾಕ್ ಇಟ್ಟಿದ್ದಕ್ಕೆ ಪಕ್ಕದ ಮನೆಗೆ ಸೌಂಡ್ ಕಮ್ಮಿಯಾಗಲ್ಲ

ನಾನು ಹಾಡು ಮಿಕ್ಸ್ ಮಾಡುವ ಕೋಣೆಯ ಎರಡು ಮೂಲೆಗಳಲ್ಲಿ ಎರಡು ಎತ್ತರದ ಬುಕ್ ರ‍್ಯಾಕ್ ಓರೆಯಾಗಿ ನಿಂತಿವೆ. ಒಂದರಲ್ಲೂ ಪುಸ್ತಕ ಇಲ್ಲ. ಒಳಗೆ ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ನಾರು) ತುಂಬಿದೆ. ಮುಂದೆ ಹಳೇ ಕಾಟನ್ ಸೀರೆ ಬಿಗಿದಿದೆ. ಮನೆಗೆ ಬಂದವರು ಅದನ್ನು ನೋಡುತ್ತಾರೆ, ಬೆರಳಲ್ಲಿ ಒಮ್ಮೆ ಒತ್ತುತ್ತಾರೆ, ಆಮೇಲೆ ಕೇಳುತ್ತಾರೆ: "ಓ, ಇದಿಟ್ರೆ ಪಕ್ಕದ ಮನೆಗೆ ಸೌಂಡ್ ಹೋಗಲ್ಲ ಅಲ್ವಾ?"

ಹೋಗುತ್ತದೆ. ಮೊದಲು ಎಷ್ಟು ಹೋಗುತ್ತಿತ್ತೋ ಈಗಲೂ ಹೆಚ್ಚುಕಮ್ಮಿ ಅಷ್ಟೇ ಹೋಗುತ್ತದೆ.

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ. ಸೌಂಡ್ ಹೊರಗೆ ಹೋಗದಂತೆ ತಡೆಯೋದು ತೂಕದ ಕೆಲಸ. ದಪ್ಪ ಗೋಡೆ, ಭಾರದ ಬಾಗಿಲು, ಸಂದಿಯೇ ಇಲ್ಲದ ಕಿಟಕಿ ಬೇಕು. ಗೋಡೆಯ ತೂಕ ಎರಡು ಪಟ್ಟು ಮಾಡಿದರೂ ಲೆಕ್ಕದ ಪ್ರಕಾರ ಇಳಿಯುವುದು ಸುಮಾರು 6 ಡೆಸಿಬೆಲ್ (ಶಬ್ದದ ಜೋರಿನ ಅಳತೆ). ರಾಕ್‌ವೂಲ್ ಅಂದರೆ ಗಾಳಿ ಸಲೀಸಾಗಿ ಓಡಾಡುವ ನಾರು. ಅದು ಅಡ್ಡ ನಿಂತು ಸೌಂಡನ್ನು ತಡೆಯುವುದಿಲ್ಲ. ಅದರ ಕೆಲಸ ಕೋಣೆಯ ಒಳಗಿನದು: ಬೇಸ್, ಅಂದರೆ ತಗ್ಗಿನ ದಪ್ಪ ಸ್ವರ, ಒಳಗೆ ಗುಮ್ಮೆನ್ನದಂತೆ ಹಿಡಿಯೋದು.

"ಹಾಗಾದ್ರೆ ಯಾಕೆ ಇಟ್ಟಿದ್ದೀರಿ?" ಅಂತ ಯಾರಾದರೂ ಕೇಳಿದರೆ ನಾನು ಕಾಫಿ ಮಾಡಿಕೊಟ್ಟು ಖುಷಿಯಿಂದ ಹೇಳುತ್ತೇನೆ. ಆದರೆ ಮುಂದಿನ ಪ್ರಶ್ನೆ ಯಾವಾಗಲೂ ಮೊಟ್ಟೆ ಟ್ರೇಯದ್ದು, ಅದನ್ನು ಗೋಡೆಗೆ ಅಂಟಿಸಿದರೆ ಸೌಂಡ್ ನಿಲ್ಲತ್ತಾ ಅಂತ. ಅದಕ್ಕೂ ಉತ್ತರ ಇಲ್ಲೇ ಇರಲಿ. ಮೊಟ್ಟೆ ಟ್ರೇ ತೆಳು ರಟ್ಟು. ಅದು ಮೇಲಿನ ಸ್ವರವನ್ನು ಒಂಚೂರು ಚದುರಿಸಬಹುದು, ಬೇಸ್‌ಗೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಜೊತೆಗೆ ಬೆಂಕಿ ತಾಗಿದರೆ ಬೇಗ ಹತ್ತಿಕೊಳ್ಳುತ್ತದೆ. ವಯರು, ಬಿಸಿಯಾಗುವ ಆಂಪ್ಲಿಫೈಯರ್ ಇರುವ ಕೋಣೆಯ ನಾಲ್ಕೂ ಗೋಡೆಗೆ ಒಣ ರಟ್ಟು ಅಂಟಿಸಬೇಡಿ, ದಯವಿಟ್ಟು.

ಬೇಸ್ ಗಿಟಾರ್ ನುಡಿಸುವ ಒಬ್ಬ ಹುಡುಗ ಇದ್ದಾನೆ. ಒಳ್ಳೆ ಕೈ. ಒಂದು ದಿನ ಫೋನ್ ಮಾಡಿ, "ಅಣ್ಣ, ಮಿಕ್ಸ್ ನನ್ನ ರೂಮಲ್ಲಿ ಚೆನ್ನಾಗಿದೆ, ಕಾರಲ್ಲಿ ಹಾಕಿದ್ರೆ ಡೋರ್ ಗಡಗಡ ಅಂತಿದೆ. ಸ್ಪೀಕರ್ ಬದಲಾಯಿಸ್ಲಾ?" ಅಂದ. ಬೇಡ, ಬರ್ತೀನಿ ಇರು ಅಂದೆ. ಹೋಗಿ ನೋಡಿದರೆ ನಮ್ಮೂರ ಎಲ್ಲ ಬಾಡಿಗೆ ಮನೆಗಳಲ್ಲಿರುವಂಥದ್ದೇ ಕೋಣೆ. 10 ಅಡಿ, 12 ಅಡಿ, ಮೇಲೆ 10 ಅಡಿಗೆ ಆರ್‌ಸಿಸಿ. ಕೆಳಗೆ ಟೈಲ್ಸ್. 12 ಅಡಿಯ ಗೋಡೆಗೆ ಟೇಬಲ್ ಹಾಕಿ, ಕೋಣೆಯ ನಟ್ಟನಡುವೆ ಕುರ್ಚಿ ಇಟ್ಟಿದ್ದ.

"ಗಿಟಾರ್ ಸ್ಪೀಕರಿಗೆ ಹಾಕಿ, ತಂತಿ ಎಲ್ಲೂ ಒತ್ತದೆ ಬರೀ ಮೀಟು, ಒಂದೊಂದೇ, ಒಂದೇ ಜೋರಲ್ಲಿ" ಅಂದೆ. ಬೇಸ್ ಗಿಟಾರಿನ ದಪ್ಪ ತಂತಿ ಇ, ಸುಮಾರು 41 ಹರ್ಟ್ಸ್, ಅಂದರೆ ಸೆಕೆಂಡಿಗೆ 41 ಸಲ ಅಲುಗುತ್ತದೆ. ಅದರ ಪಕ್ಕದ್ದು ಎ, 55. ಆಮೇಲೆ ಡಿ, 73. ಕೊನೆಗೆ ಜಿ, 98. ನಾನು ಅವನ ಕುರ್ಚಿಯಲ್ಲಿ ಕೂತು ಕೇಳಿದೆ. ಎ ತಂತಿ ಮೀಟುತ್ತಿದ್ದಾನೆ, ತಂತಿ ಅಲುಗಾಡುವುದು ಕಣ್ಣಿಗೆ ಕಾಣುತ್ತಿದೆ, ಕಿವಿಗೆ ಮಾತ್ರ ಬಡಕಲು. ಎದ್ದು ಬಾಗಿಲ ಹಿಂದಿನ ಮೂಲೆಗೆ ಹೋದೆ. ಅದೇ ತಂತಿ, ಅದೇ ಕೈ. ಎದೆಗೆ ಬಂದು ಗುದ್ದಿತು. ಜಾಗ ಬದಲಾಯಿಸಿ ಅವನನ್ನು ಮೂಲೆಯಲ್ಲಿ ನಿಲ್ಲಿಸಿ ನಾನು ಮೀಟಿದೆ. ಅವನ ಮುಖ ನೋಡಬೇಕಿತ್ತು.

ಲೆಕ್ಕ ಸುಲಭ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 10 ಅಡಿ ಅಂದರೆ 3.05 ಮೀಟರ್. 343ನ್ನು ಅದರ ಎರಡರಷ್ಟರಿಂದ ಭಾಗಿಸಿ: 56 ಹರ್ಟ್ಸ್. ಆ ಎರಡು ಗೋಡೆಗಳ ನಡುವೆ ಆ ಸ್ವರ ಹೋಗಿ ಬಂದು ಬೇಗ ಸಾಯದೆ ಅಲ್ಲೇ ಉಳಿದುಬಿಡುತ್ತದೆ. ಗೋಡೆಯ ಹತ್ತಿರ ಜೋರು, ನಡುವೆ ಖಾಲಿ. ಅವನ ಕೋಣೆಯಲ್ಲಿ ಎತ್ತರವೂ 10 ಅಡಿ, ಹಾಗಾಗಿ ಅಲ್ಲೂ ಅದೇ 56. ಎ ತಂತಿ 55. ಹುಡುಗ ಸರಿಯಾಗಿ ಖಾಲಿ ಜಾಗದಲ್ಲೇ ಕುರ್ಚಿ ಹಾಕಿಕೊಂಡು, ಕೇಳದ ಸ್ವರವನ್ನು, ಸ್ವರಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಈಕ್ವಲೈಸರ್‌ನಲ್ಲಿ ಏರಿಸಿದ್ದ. ಕಾರಿನಲ್ಲಿ ಆ ಖಾಲಿ ಜಾಗ ಇಲ್ಲ. ಏರಿಸಿದ್ದೆಲ್ಲ ಡೋರಿಗೆ ಬಂತು.

ಇಷ್ಟೆಲ್ಲ ಹೇಳಿ, ಮೂಲೆಗೆ ರ‍್ಯಾಕ್ ಇಡೋಣ ಅಂದೆ. ಎಲ್ಲ ಕೇಳಿಸಿಕೊಂಡು ಅವನು ಕೇಳಿದ್ದು: "ಅಣ್ಣ, ಅದಿಟ್ರೆ ಮೇಲಿನ ಮನೆ ಆಂಟಿ ಬೈಯೋದು ನಿಲ್ಲತ್ತಾ?"

ಆಂಟಿ ಬೈಯದಿರಬೇಕು ಅಂದರೆ ರಾತ್ರಿ ಅವನೇ ಹೆಡ್‌ಫೋನ್ ಹಾಕಿಕೊಳ್ಳಬೇಕು. ಅದು ಬೇರೆ ವಿಷಯ.

ಇದು ನನಗೆ ಕೋಪ ತರಿಸುವುದು ಏಕೆಂದರೆ ಮನೆಯಲ್ಲೇ ಹಾಡು ಮಾಡುವ ನಮ್ಮ ಹುಡುಗ ಹುಡುಗಿಯರು ಹೊರಗಿನವರ ಕಿವಿಯ ಬಗ್ಗೆ ಅಷ್ಟು ಯೋಚನೆ ಮಾಡುತ್ತಾರೆ, ತಮ್ಮ ಕಿವಿಗೆ ಏನು ಬೀಳುತ್ತಿದೆ ಅಂತ ಕೇಳುವುದೇ ಇಲ್ಲ. ನನ್ನನ್ನು ಯಾರಾದರೂ ಕೇಳಬೇಕಾಗಿದ್ದ ಪ್ರಶ್ನೆ ಇದು: "ನನ್ನ ಕೋಣೆಯಲ್ಲಿ ಬೇಸ್ ಎಲ್ಲಿ ಕೂತರೆ ಸರಿಯಾಗಿ ಕೇಳುತ್ತದೆ? ಅದನ್ನು ಸರಿ ಮಾಡೋದು ಹೇಗೆ?"

ಕೇಳದಿದ್ದರೂ ಹೇಳುತ್ತೇನೆ. ಮೊದಲು ಕುರ್ಚಿ ಸರಿಸಿ. ಅದಕ್ಕೆ ಕಾಸು ಬೇಡ. ನಡುವಿನಿಂದ ಎದ್ದು, ಮುಂದಿನ ಗೋಡೆಯಿಂದ ಕೋಣೆಯ ಉದ್ದದ ಶೇ 38ರಷ್ಟು ದೂರದಲ್ಲಿ ಕೂತು ನೋಡಿ. ಮುಖ ಮಾಡಿ ಕೂತ ದಿಕ್ಕಿಗೆ ಕೋಣೆ 12 ಅಡಿ ಇದ್ದರೆ ಅದು ಸುಮಾರು ನಾಲ್ಕೂವರೆ ಅಡಿ, ಆ ಹುಡುಗನಂತೆ 10 ಅಡಿ ಇದ್ದರೆ ನಾಲ್ಕಡಿಗೆ ಸ್ವಲ್ಪ ಕಮ್ಮಿ. ಅಲ್ಲಿಂದ ಹಿಂದೆ ಮುಂದೆ ಸರಿದು ಹುಡುಕಿಕೊಳ್ಳಿ. ಆ ಹುಡುಗನ ಕುರ್ಚಿಯನ್ನು ಟೇಬಲ್ ಕಡೆ ಒಂದಡಿ ಎಳೆದಾಗಲೇ ಎ ತಂತಿಗೆ ಜೀವ ಬಂತು.

ಆಮೇಲೆ ಮೂಲೆ. ಕೋಣೆಯಲ್ಲಿ ಹೀಗೆ ಉಳಿದುಬಿಡುವ ಸ್ವರಗಳೆಲ್ಲ ಮೂಲೆಯಲ್ಲಿ ಜೋರಾಗಿರುತ್ತವೆ. ಹಿಡಿಯೋದಾದರೆ ಅಲ್ಲೇ ಹಿಡಿಯಬೇಕು. ಎರಡಿಂಚು ಫೋಮ್ ಗೋಡೆಗೆ ಅಂಟಿಸಿದರೆ ಮೇಲಿನ ಸ್ವರ ಮಾತ್ರ ಸಾಯುತ್ತದೆ, ಬೇಸ್ ಹಾಗೇ ಗುಮ್ಮೆನ್ನುತ್ತದೆ. 56 ಹರ್ಟ್ಸ್‌ನ ಅಲೆ ಆರು ಮೀಟರ್ ಉದ್ದ. ನಾರು ಗಾಳಿಯ ಓಡಾಟವನ್ನು ಹಿಡಿಯುತ್ತದೆ, ಗೋಡೆಗೆ ಅಂಟಿದ ಜಾಗದಲ್ಲಿ ಗಾಳಿ ಓಡಾಡುವುದೇ ಇಲ್ಲ. ಅದಕ್ಕೇ ದಪ್ಪ ಬೇಕು, ಹಿಂದೆ ಜಾಗ ಬೇಕು.

ಇನ್ನೊಂದು ಮಾತು. ಅಮೆರಿಕದವರ ವಿಡಿಯೋ ನೋಡಿ ಹಾಗೇ ಮಾಡಬೇಡಿ. ಅಲ್ಲಿನ ಮನೆಗಳಲ್ಲಿ ಗೋಡೆ ಜಾಸ್ತಿ ಜಿಪ್ಸಂ ಬೋರ್ಡಿನದು. ಬೇಸ್ ಬಂದರೆ ಬೋರ್ಡು ಅಲುಗಾಡಿ ಒಂದಿಷ್ಟನ್ನು ತಾನೇ ನುಂಗುತ್ತದೆ, ಒಂದಿಷ್ಟನ್ನು ಹೊರಗೆ ಬಿಡುತ್ತದೆ. ನಮ್ಮದು ಇಟ್ಟಿಗೆ, ಸಿಮೆಂಟು, ಆರ್‌ಸಿಸಿ. ಬಂದ ಬೇಸಿನಲ್ಲಿ ಹೆಚ್ಚಿನದನ್ನು ವಾಪಸ್ ಎಸೆಯುತ್ತದೆ. ಅವರಿಗೆ ನಾಲ್ಕಿಂಚು ದಪ್ಪದ ನಾರು ಸಾಕಾದ ಕಡೆ ನಮಗೆ ಸಾಲದು.

ನಾನು ರ‍್ಯಾಕ್ ಯಾಕೆ ತಂದೆ ಅಂದರೆ, ಮನೆ ಬಾಡಿಗೆಯದು. ಗೋಡೆ ತುಂಬ ಡ್ರಿಲ್ ಮಾಡಿದರೆ ಬಿಡುವಾಗ ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳುತ್ತಾರೆ. ಬಡಗಿಯಿಂದ ಫ್ರೇಮ್ ಮಾಡಿಸಿದರೆ ಮುಂದಿನ ಮನೆಗೆ ಕೂರುತ್ತದೋ ಇಲ್ಲವೋ. ರ‍್ಯಾಕ್ ಆದರೆ ಟೆಂಪೋಗೆ ಹಾಕಿಕೊಂಡು ಹೋಗಬಹುದು. ಪೀಠೋಪಕರಣದ ಕಂಪನಿ ಐಕಿಯಾದ ಬಿಲ್ಲಿ ಅನ್ನೋದು 1979ರಿಂದ ಇರುವ ಬುಕ್ ರ‍್ಯಾಕ್. ಬೆಂಗಳೂರಿನ ನಾಗಸಂದ್ರದಲ್ಲಿ ಅವರ ಅಂಗಡಿ 2022ರಲ್ಲಿ ಶುರುವಾದ ಮೇಲೆ ನಮಗೂ ಹತ್ತಿರವಾಯಿತು. 80 ಸೆಂಟಿಮೀಟರ್ ಅಗಲ, 202 ಎತ್ತರ, 28 ಆಳ. ಮೂಲೆಗೆ ಓರೆಯಾಗಿ ನಿಲ್ಲಿಸಿದರೆ ಹಿಂದೆ ಇನ್ನೂ 40 ಸೆಂಟಿಮೀಟರ್ ಆಳದ ತ್ರಿಕೋನ ಸಿಗುತ್ತದೆ. ಅದನ್ನೂ ತುಂಬಿ. ಇದೇ ಬೇಕು ಅಂತಿಲ್ಲ. ಗುಜರಿಯಲ್ಲಿ ಸಿಗುವ, ಹಿಂದೆ ತೆರೆದಿರುವ ಆಂಗಲ್ ರ‍್ಯಾಕ್ ಇನ್ನೂ ಒಳ್ಳೆಯದು, ಅಗ್ಗ ಕೂಡ.

ಹಿಂದಿನ ತೆಳು ಹಲಗೆ ಜೋಡಿಸಬೇಡಿ, ಹಿಂದೆ ತೆರೆದಿರಲಿ. ಆದರೆ ಅದು ಇಲ್ಲದಿದ್ದರೆ ಮರದ ರ‍್ಯಾಕ್ ಪಕ್ಕಕ್ಕೆ ವಾಲುತ್ತದೆ. ಅದಕ್ಕೆ ನಾಲ್ಕು ಮೂಲೆಗೆ ಎಲ್ ಕ್ಲ್ಯಾಂಪ್ ಹಾಕಿ, ಹಿಂದೆ ಎರಡು ರೀಪರ್ ಪಟ್ಟಿಯನ್ನು ಕತ್ತರಿಯಂತೆ ಅಡ್ಡ ಹೊಡೆಯಿರಿ, ಗಟ್ಟಿಯಾಗುತ್ತದೆ. ನಡುವಿನ ಒಂದು ಹಲಗೆ ಇರಲಿ, ಉಳಿದದ್ದು ತೆಗೆಯಿರಿ. ರಾಕ್‌ವೂಲ್ 48 ಕೆಜಿ ಡೆನ್ಸಿಟಿಯದು, ಅಂದರೆ ಒಂದು ಘನ ಮೀಟರಿಗೆ 48 ಕೆಜಿ ತೂಗುವುದು ಕೇಳಿ. ಅಂಗಡಿಯವರು "96 ತಗೊಳ್ಳಿ ಸಾರ್, ಗಟ್ಟಿ ಮಾಲು" ಅನ್ನುತ್ತಾರೆ. ಇಷ್ಟು ದಪ್ಪಕ್ಕೆ ಗಟ್ಟಿ ಮಾಲು ಬೇಡ, ಗಾಳಿ ಒಳಗೆ ಸಲೀಸಾಗಿ ಹೋಗುವುದಿಲ್ಲ. ಬ್ರೆಡ್ ಕೊಯ್ಯುವ ಹಲ್ಲಿನ ಚಾಕುವಿನಲ್ಲಿ ಸಲೀಸಾಗಿ ಕತ್ತರಿಸಬಹುದು. ಗ್ಲೌಸ್, ಮಾಸ್ಕ್, ತುಂಬುತೋಳಿನ ಅಂಗಿ ಹಾಕಿಕೊಳ್ಳಿ, ತುರಿಕೆ ಗಂಟೆಗಟ್ಟಲೆ ಬಿಡಲ್ಲ.

ಮುಂದೆ ಬಿಗಿಯುವ ಬಟ್ಟೆ ಆಯ್ಕೆ ಮಾಡುವಾಗ ಬಾಯಿಗೆ ಹಿಡಿದು ಊದಿ. ಉಸಿರು ಆ ಕಡೆ ಬಂದರೆ ಸರಿ. ರೆಕ್ಸಿನ್ ಬೇಡ. ಚಿಕ್ಕಪೇಟೆಯ ಬಟ್ಟೆ ಅಂಗಡಿಗೆ ಹೋಗುವ ಮೊದಲು ಅಮ್ಮನ ಬೀರು ಕೇಳಿ. ನನ್ನ ರ‍್ಯಾಕ್ ಮೇಲಿರುವುದು ಅಮ್ಮ ಉಟ್ಟು ಸವೆಸಿದ ಸೀರೆಗಳು. ಕೊಡುವಾಗ "ಅಂಚು ಮೇಲೆ ಕಾಣೋ ಹಾಗೆ ಹೊಡಿ" ಅಂದರು, ಹಾಗೇ ಹೊಡೆದಿದ್ದೇನೆ. ಒಳಗೆ ತೆಳು ಬಟ್ಟೆಯ ಇನ್ನೊಂದು ಪದರ ಇದ್ದರೆ ನಾರು ಉದುರುವುದಿಲ್ಲ. ತುಂಬಿದ ರ‍್ಯಾಕ್‌ನೊಳಗೆ ಸುಮಾರು 20 ಕೆಜಿ ರಾಕ್‌ವೂಲ್ ಇರುತ್ತದೆ. ಮಕ್ಕಳಿರುವ ಮನೆಯಾದರೆ ಗೋಡೆಗೆ ಒಂದು ಸ್ಕ್ರೂ ಹಾಕಿ ಕಟ್ಟಲೇಬೇಕು, ಓನರ್ ಏನೇ ಅನ್ನಲಿ.

ಇದರಿಂದ 56 ಹರ್ಟ್ಸ್ ಪೂರ್ತಿ ಮಾಯವಾಗುವುದಿಲ್ಲ. ಈ ಆಳಕ್ಕೆ ಚೆನ್ನಾಗಿ ಸಿಗುವುದು 100 ಹರ್ಟ್ಸ್ ಮತ್ತು ಅದರ ಮೇಲಿನದು. ಕೆಳಗಿನದು ಸ್ವಲ್ಪ ತಗ್ಗುತ್ತದೆ, ಮೊದಲಿಗಿಂತ ಬೇಗ ನಿಲ್ಲುತ್ತದೆ. ಬೇಸ್ ನುಡಿ ಒಂದಕ್ಕೊಂದು ಮೆತ್ತಿಕೊಳ್ಳದೆ ಬಿಡಿಬಿಡಿಯಾಗಿ ಕೇಳುತ್ತದೆ. ಅಷ್ಟೇ ಸಿಕ್ಕರೂ ಮಿಕ್ಸ್ ಮಾಡುವವರಿಗೆ ದೊಡ್ಡದು.

ದುಡ್ಡು ಹಾಕುವ ಮೊದಲು ನಂಬಿಕೆ ಬರಬೇಕು ಅಂದರೆ ಮನೆಯ ಹತ್ತಿ ಹಾಸಿಗೆಗಳನ್ನು ಸುರುಳಿ ಸುತ್ತಿ ಎರಡು ಮೂಲೆಗೆ ನಿಲ್ಲಿಸಿ, ಅದೇ ಹಾಡು ಮತ್ತೆ ಕೇಳಿ. ಅಳೆಯಬೇಕು ಅಂದರೆ ರೂಮ್ ಈಕ್ಯೂ ವಿಝಾರ್ಡ್ ಅಂತ ಒಂದು ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಅಳತೆಯ ಮೈಕ್ ಒಂದು ಬೇಕು. ನನ್ನ ಮೈಕ್ ಬೇಕಾದರೆ ಬಂದು ತಗೊಂಡು ಹೋಗಿ, ಕೆಲಸ ಮುಗಿದ ಮೇಲೆ ವಾಪಸ್ ಕೊಡಿ. ಬರುವಾಗ ನಿಮ್ಮ ಕೋಣೆಯ ಉದ್ದ, ಅಗಲ, ಎತ್ತರ ಬರೆದುಕೊಂಡು ಬನ್ನಿ.