ಭಂಡಾರ ಒಡೆಯೋಕೆ ಯಾರು ಬರ್ತಾರೆ?

ತಂಬಿಟ್ಟಿಗೆ ತುಪ್ಪ ಜಾಸ್ತಿಯಾದರೆ ದೀಪ ಕೂರುವುದಿಲ್ಲ. ಬತ್ತಿ ಹಚ್ಚಿದ ಐದೇ ನಿಮಿಷಕ್ಕೆ ಬದಿ ಮೆತ್ತಗಾಗಿ ಒಂದು ಕಡೆಗೆ ವಾಲುತ್ತದೆ. ನನ್ನ ಮಗಳು ತನ್ನ ಮೊದಲ ಭೀಮನ ಅಮಾವಾಸ್ಯೆಗೆ ಮಾಡಿದ ಜೋಡಿ ದೀಪದಲ್ಲಿ ಒಂದು ಹಾಗೇ ವಾಲಿತು. ಅವಳು ಗಾಬರಿಯಾಗಿ ನನ್ನ ಮುಖ ನೋಡಿದಳು. ಅಪಶಕುನ ಅಂದುಕೊಂಡಳೇನೋ. "ತುಪ್ಪ ಜಾಸ್ತಿ ಆಗಿದೆ ಅಷ್ಟೇ ಕಣೇ" ಅಂದು ಒಂದು ಹಿಡಿ ಅಕ್ಕಿ ಒತ್ತು ಕೊಟ್ಟು ನಿಲ್ಲಿಸಿದೆ. ಜ್ಯೋತಿರ್ಭೀಮೇಶ್ವರ ಏನೂ ಬೇಜಾರು ಮಾಡಿಕೊಳ್ಳಲಿಲ್ಲ. ಎರಡೂ ದೀಪ ಕೊನೆಯವರೆಗೆ ಉರಿದವು.

ಅವತ್ತು 2025ರ ಜುಲೈ 24, ಗುರುವಾರ. ಮಗಳಿಗೆ ಮದುವೆಯಾಗಿ ಮೊದಲ ಆಷಾಢ. ಅತ್ತೆ ಸೊಸೆ ಆಷಾಢದಲ್ಲಿ ಒಂದೇ ಹೊಸ್ತಿಲು ದಾಟಬಾರದು ಅಂತ ನಮ್ಮ ಕಡೆ ಹೊಸ ಸೊಸೆಯನ್ನು ತವರಿಗೆ ಕಳಿಸುತ್ತಾರಲ್ಲ, ಹಾಗೆ ಲ್ಯಾಪ್‌ಟಾಪ್ ಸಮೇತ ಬಂದಿದ್ದಳು. ತಿಂಗಳ ಕೊನೆಯ ದಿನ ಅಮಾವಾಸ್ಯೆ. ಅಳಿಯ ಬಂದು, ಪೂಜೆ ಮುಗಿಸಿಕೊಂಡು, ಹೆಂಡತಿಯನ್ನು ಕರೆದುಕೊಂಡು ಹೋಗುವ ದಿನ. ಮಲೆನಾಡಿನ ಕಡೆ ಅಳಿಯನಿಗೆ ಕೊಡೆ ಕೊಟ್ಟು ಕಳಿಸುತ್ತಾರೆ, ಅದಕ್ಕೇ ಅಲ್ಲಿ ಕೊಡೆ ಅಮಾವಾಸ್ಯೆ. ಉತ್ತರ ಕರ್ನಾಟಕಕ್ಕೆ ಹೋದರೆ ಇದೇ ದಿನ ನಾಗರ ಅಮಾವಾಸ್ಯೆ. ಕರಾವಳಿಯಲ್ಲಿ ಆಟಿ ಅಮಾವಾಸ್ಯೆ, ಅಲ್ಲಿ ಬೆಳಗಿನ ಜಾವವೇ ಎದ್ದು ಹಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತಾರೆ. ನಮಗೆ ಮಾತ್ರ ಇದು ಗಂಡನ ಪೂಜೆ.

ಗಂಡನ ಪೂಜೆ ಅಂದ ಕೂಡಲೇ ಈಗ ಎಲ್ಲರಿಗೂ ನೆನಪಾಗುವುದು ಪಾದ. ಬೆಳಗ್ಗೆ ಏಳು ಗಂಟೆಗೆ ಶುರುವಾಗುತ್ತದೆ ನೋಡಿ ವಾಟ್ಸ್ಆ್ಯಪ್ ಸ್ಟೇಟಸ್. ಸ್ಟೀಲ್ ತಟ್ಟೆಯಲ್ಲಿ ಎರಡು ಪಾದ, ಅದರ ಮೇಲೆ ಹೂವು, ಪಕ್ಕದಲ್ಲಿ ನಗುವ ಚಿಹ್ನೆ. ಮಧ್ಯಾಹ್ನದ ಹೊತ್ತಿಗೆ ಜೋಕುಗಳು. ನನ್ನ ಮಗಳೂ ಅದಕ್ಕೇ ತಕರಾರು ಎತ್ತಿದ್ದಳು: "ವ್ರತ ಮಾಡ್ತೀನಮ್ಮಾ, ಆದ್ರೆ ಕಾಲು ತೊಳೆಯೋದು ಯಾಕೆ?" ನನಗೆ ಜಗಳ ಮಾಡುವ ಮನಸ್ಸಿರಲಿಲ್ಲ. ಪೂಜೆ ನಡೆಯುವುದು ದೀಪಕ್ಕೆ. ಜೋಡಿ ದೀಪ ಅಂದರೆ ಶಿವ ಪಾರ್ವತಿ. ಭೀಮ ಅನ್ನುವುದೂ ಇಲ್ಲಿ ಶಿವನ ಹೆಸರೇ, ಗದೆ ಹಿಡಿದ ಭೀಮಸೇನನದಲ್ಲ. ಗಂಡನಿಗೆ ನಮಸ್ಕಾರ ಮಾಡುವುದು ಪೂಜೆ ಮುಗಿದ ಮೇಲೆ. ಅಳಿಯನೇ ಮುಜುಗರದಿಂದ ಕಾಲು ಹಿಂದಕ್ಕೆ ಎಳೆದುಕೊಂಡ. ಒಂಬತ್ತು ಗಂಟಿನ ಅರಿಶಿನದ ದಾರವನ್ನು ಅವಳ ಬಲಗೈಗೆ ಅವನೇ ಕಟ್ಟಿದ. ಗಂಟು ಬಿಗಿಯಾಗಲಿಲ್ಲ, ಮೂರು ಸಲ ಕಟ್ಟಿದ. ಅಲ್ಲಿಗೆ ಆ ವಿಷಯ ಮುಗಿಯಿತು.

ನನ್ನ ಚಿಂತೆ ಇದ್ದದ್ದು ಬೇರೆ ಕಡೆ. ಭಂಡಾರ ಒಡೆಯೋಕೆ ಯಾರು?

ಈ ವ್ರತದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದೇ ಅದು. ಕಡುಬಿನೊಳಗೆ ನಾಣ್ಯ ಬಚ್ಚಿಟ್ಟು ಹಬೆಯಲ್ಲಿ ಬೇಯಿಸಿ, ಹೊಸ್ತಿಲ ಮೇಲೆ ಇಡಬೇಕು. ಅಣ್ಣನೋ ತಮ್ಮನೋ ಬಂದು, ಮಂಡಿಯೂರಿ, ಮೊಣಕೈಯಿಂದ ಅದನ್ನು ಒಡೆಯಬೇಕು. ಕೈಯಿಂದ ಮುರಿಯುವ ಹಾಗಿಲ್ಲ, ಕಾಲಂತೂ ತಾಗಿಸುವ ಹಾಗಿಲ್ಲ. ಮೊಣಕೈಯೇ ಆಗಬೇಕು. ಚಿಕ್ಕವಳಿದ್ದಾಗ ನಾನು ಆ ಸದ್ದಿಗಾಗಿ ಕಾಯುತ್ತಿದ್ದೆ. ಮೊದಲು ಮೆತ್ತಗೆ ಪಚಕ್ ಅನ್ನುತ್ತಿತ್ತು. ಹಿಂದೆಯೇ ನಾಣ್ಯ ಕಲ್ಲಿನ ಹೊಸ್ತಿಲಿಗೆ ತಾಗಿ ಟಣ್ ಅನ್ನುತ್ತಿತ್ತು. ಒಡೆದ ಕಡುಬಿನಿಂದ ಹಬೆ ಏಳುತ್ತಿತ್ತು, ಆ ಹಬೆಯಲ್ಲಿ ಅಕ್ಕಿಹಿಟ್ಟಿನ ವಾಸನೆ, ಅಡಿಯಲ್ಲಿ ಹೊಸ್ತಿಲಿಗೆ ಬಳಿದ ಅರಿಶಿನದ ವಾಸನೆ. ಇವತ್ತಿಗೂ ಇಡ್ಲಿ ಪಾತ್ರೆ ಮುಚ್ಚಳ ತೆಗೆದರೆ ಒಂದೊಂದು ಸಲ ಆ ಟಣ್ ಸದ್ದು ಕಿವಿಗೆ ಬಿದ್ದ ಹಾಗಾಗುತ್ತದೆ. ನಾಣ್ಯವೇ ಇರುವುದಿಲ್ಲ, ಸದ್ದು ಮಾತ್ರ.

ಕತೆ ಹೇಳುತ್ತಿದ್ದವರು ಅಜ್ಜಿ. ದೇವರ ಮನೆಯೊಳಗೆ ಕೂತಲ್ಲ, ಹೊರಗೆ ಪಡಸಾಲೆಯ ಕಂಬಕ್ಕೆ ಒರಗಿ. ಅಜ್ಜಿಗೆ ದಾರ ಇರಲಿಲ್ಲ. ತಾತ ಹೋದಾಗ ಅವರಿಗೆ ಮೂವತ್ತೆರಡು ವರ್ಷ. ಕತೆ ಹೇಳಲು ಅವರು ಬೇಕು, ದಾರ ಕಟ್ಟುವಾಗ ಬೇಡ. ಇದು ಆಗ ನನಗೆ ವಿಚಿತ್ರ ಅನ್ನಿಸಿರಲಿಲ್ಲ. ಈಗ ನೆನೆದರೆ ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗಾಗುತ್ತದೆ.

ಕತೆ ನಿಮಗೆಲ್ಲ ಗೊತ್ತಿರುವುದೇ. ಅಪ್ಪ ಅಮ್ಮ ಮಗಳನ್ನು ಮಗನ ಕೈಗೊಪ್ಪಿಸಿ ಕಾಶಿಗೆ ಹೋಗುತ್ತಾರೆ. ರಾಜಕುಮಾರ ಸತ್ತುಹೋಗುತ್ತಾನೆ. ಮಗನ ಹೆಣಕ್ಕೆ ಹೆಣ್ಣು ಕೊಟ್ಟರೆ ಬೇಕಾದಷ್ಟು ದುಡ್ಡು ಕೊಡುತ್ತೇನೆ ಅಂತ ರಾಜ ಸಾರಿಸುತ್ತಾನೆ. ಅಣ್ಣ ತಂಗಿಯನ್ನು ಹೆಣಕ್ಕೆ ಕಟ್ಟುತ್ತಾನೆ. ಮಳೆ ಬಂತು ಅಂತ ಎಲ್ಲರೂ ಹೊಳೆ ದಂಡೆಯಲ್ಲಿ ಅವಳನ್ನೂ ಹೆಣವನ್ನೂ ಬಿಟ್ಟು ಹೊರಟುಬಿಡುತ್ತಾರೆ. ಮಾರನೆಯ ದಿನ ಅಮಾವಾಸ್ಯೆ. ಅಮ್ಮ ಮಾಡುತ್ತಿದ್ದ ವ್ರತ ಹುಡುಗಿಗೆ ನೆನಪಾಗುತ್ತದೆ. ಮಣ್ಣಿನಲ್ಲೇ ದೀಪ, ಬೇರಿನ ಬತ್ತಿ, ಮಣ್ಣಿನ ಕಡುಬು. ಎಲ್ಲ ಆದ ಮೇಲೆ ಅವಳು ಅಳುವುದು ಯಾವುದಕ್ಕೆ ಗೊತ್ತಲ್ವಾ? ಭಂಡಾರ ಒಡೆಯೋಕೆ ಯಾರೂ ಇಲ್ಲ ಅಂತ. ಆಗ ದಾರಿಹೋಕ ಗಂಡ ಹೆಂಡತಿ ಹಾಗೆ ಶಿವ ಪಾರ್ವತಿ ಬರುತ್ತಾರೆ. ಶಿವ ತಾನೇ ಭಂಡಾರ ಒಡೆಯುತ್ತಾನೆ. ದೀರ್ಘ ಸುಮಂಗಲಿಯಾಗು ಅಂತ ಹರಸುತ್ತಾನೆ. ಹೆಣ ನಿದ್ದೆಯಿಂದ ಎದ್ದಂತೆ ಎದ್ದು ಕೂರುತ್ತದೆ.

ಎಲ್ಲರೂ ಹುಡುಗಿಯ ಪತಿಭಕ್ತಿ ಹೊಗಳಿ ಕೈ ಮುಗಿಯುತ್ತಾರೆ. ನಾನು ಒಂದು ವರ್ಷ ಕೇಳಿದೆ, "ಆ ಅಣ್ಣನಿಗೆ ಏನಾಯ್ತು ಅಜ್ಜೀ?"

"ಏನಾಗೋದು? ವರ್ಷಾವರ್ಷ ಹೊಸ್ತಿಲ ಮುಂದೆ ಮಂಡಿ ಊರಿಸ್ತೀವಲ್ಲ" ಅಂದರು.

ಆ ಮಾತು ಅರ್ಥವಾಗಲು ನನಗೆ ನಲವತ್ತು ವರ್ಷ ಬೇಕಾಯಿತು. ಯಾರು ಮಾರಿದನೋ ಅವನೇ ಬಂದು ತಲೆ ತಗ್ಗಿಸಿ ಒಡೆಯಬೇಕು. ಅವನು ಬರಲಿಲ್ಲ ಅಂತ ಆ ಕೆಲಸವನ್ನು ಶಿವನೇ ಮಾಡಬೇಕಾಯಿತು. ಗಂಡನ ಆಯಸ್ಸಿನ ವ್ರತ ಅಂತ ಹೆಸರು, ಆದರೆ ಮನೆಯ ಗಂಡುಮಕ್ಕಳಿಗೆ ಹೆಣ್ಣುಮಕ್ಕಳ ಋಣ ನೆನಪಿಸುವುದೂ ಇದರ ಕೆಲಸ. ನಮ್ಮ ಹಳೆಯ ಪಂಚಾಂಗ ನೋಡಿ, ಇಲ್ಲಿಂದಲೇ ಶುರು. ಅಮಾವಾಸ್ಯೆಗೆ ಭಂಡಾರ, ಐದು ದಿನಕ್ಕೆ ನಾಗರ ಪಂಚಮಿ, ಅವತ್ತು ಅಣ್ಣ ತಮ್ಮಂದಿರ ಬೆನ್ನಿಗೆ ಹಾಲು. ಭಾದ್ರಪದದಲ್ಲಿ ಗೌರಿ, ಆಗ ತವರಿನಿಂದ ಬಾಗಿನ. ಹೆಣ್ಣುಮಗಳನ್ನು ಕೊಟ್ಟು ಕೈ ತೊಳೆದುಕೊಂಡವರನ್ನು ಮೂರು ತಿಂಗಳಲ್ಲಿ ಮೂರು ಸಲ ಎಳೆದು ತರುವ ವ್ಯವಸ್ಥೆ ಇದು.

ಅಜ್ಜಿ ಒಂಬತ್ತು ವರ್ಷ ತಪ್ಪದೆ ವ್ರತ ಮಾಡಿ ಉದ್ಯಾಪನೆಯನ್ನೂ ಮುಗಿಸಿದ್ದರು. ಆದರೂ ತಾತ ಹೋದರು. ಕಾಲೇಜಿನ ಸೊಕ್ಕಿನಲ್ಲಿ ಒಮ್ಮೆ ಕೇಳಿದ್ದೆ, ದೇವರ ಮೇಲೆ ಕೋಪ ಬರಲಿಲ್ವಾ ಅಂತ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹನ್ನೊಂದನೇ ದಿನ ನಮ್ಮಣ್ಣ ಗಾಡಿ ಕಟ್ಟಿಕೊಂಡು ಬಂದ. ಮಕ್ಕಳ ಸಮೇತ ಕರ್ಕೊಂಡು ಹೋದ. ಎರಡು ವರ್ಷ ಊಟಕ್ಕೆ ಲೆಕ್ಕ ಇಡಲಿಲ್ಲ" ಅಂದರು. ಕೋಪದ ವಿಷಯ ಎತ್ತಲೇ ಇಲ್ಲ.

ನಮ್ಮ ಮನೆಯಲ್ಲಿ ಏನಾಯಿತು ಅಂದರೆ, ಅಪ್ಪ ಹೋದ ಮೇಲೆ ತಮ್ಮ ಒಂದು ಕಾಗದ ತಂದ. ಹಕ್ಕು ಬಿಡುಗಡೆ ಪತ್ರ. ನಾವು ಇಬ್ಬರು ಅಕ್ಕತಂಗಿಯರು ಸಹಿ ಹಾಕಬೇಕು, "ಅರಿಶಿನ ಕುಂಕುಮಕ್ಕೆ" ಅಂತ ಒಂದಿಷ್ಟು ತೆಗೆದುಕೊಳ್ಳಬೇಕು. ಈ ಅರಿಶಿನ ಕುಂಕುಮ ಅನ್ನುವ ಮಾತನ್ನು ಎಲ್ಲೆಲ್ಲಿ ಬಳಸುತ್ತೇವೆ ನೋಡಿ. ಕಾನೂನು ನಮ್ಮ ಪರವೇ ಇತ್ತು. 1994ರಲ್ಲೇ ಕರ್ನಾಟಕ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು, ಆದರೆ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತು. ನನ್ನ ಮದುವೆ 1993ರಲ್ಲಿ! 2005ರಲ್ಲಿ ಇಡೀ ದೇಶದ ಕಾನೂನು ಬದಲಾದಾಗ ಆ ಭೇದವೂ ಹೋಯಿತು. ಅಪ್ಪ ಯಾವಾಗ ತೀರಿಕೊಂಡಿದ್ದರೂ ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಷ್ಟೆಲ್ಲ ಗೊತ್ತಿದ್ದೂ ನಾನು ಸಹಿ ಹಾಕಿದೆ. ತವರಿನ ಬಾಗಿಲು ಮುಚ್ಚಿಹೋಗುತ್ತದೆ ಅನ್ನುವ ಭಯ. ತಂಗಿ ಹಾಕಲಿಲ್ಲ. ತಮ್ಮ ಅವಳ ಮನೆಗೆ ಹೋಗುವುದು ಬಿಟ್ಟ. ನಾನು ತಂಗಿಯ ಪರ ಒಂದು ಮಾತಾಡಿದ್ದಕ್ಕೆ ನನ್ನ ಮನೆಗೂ ಬರುವುದು ನಿಂತಿತು. ನಾಲ್ಕು ವರ್ಷ ಪಕ್ಕದ ಮನೆ ಹುಡುಗ ನಮ್ಮ ಭಂಡಾರ ಒಡೆದ. ತಮ್ಮ ಗೌರಿ ಹಬ್ಬಕ್ಕೆ ಫೋನ್‌ಪೇಯಲ್ಲಿ ಐನೂರೊಂದು ಕಳಿಸುತ್ತಿದ್ದ. ದುಡ್ಡು ಬಂದಾಗಲೂ ಮೊಬೈಲು ಟಿಣ್ ಅನ್ನುತ್ತದೆ, ಆದರೆ ಅದು ಆ ಸದ್ದಲ್ಲ.

ಮಗ ದೂರದ ದೇಶದಲ್ಲಿದ್ದಾನೆ. ವಿಡಿಯೋ ಕಾಲ್‌ನಲ್ಲಿ ತನ್ನ ಮೇಜಿನ ಮೇಲೆ ಬಿಸ್ಕತ್ತು ಇಟ್ಟು ಮೊಣಕೈಯಿಂದ ಒಡೆಯುತ್ತೇನೆ ಅಂದ, ತಮಾಷೆಗೆ. ಮಗಳು ನಗಲಿಲ್ಲ. ನನಗೆ ಹೇಳದೆ ಸೋದರಮಾವನಿಗೆ ಫೋನ್ ಮಾಡಿದ್ದಳು.

ಹನ್ನೊಂದು ಗಂಟೆಗೆ ತಮ್ಮ ಗೇಟು ತೆಗೆದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೈಯಲ್ಲಿ ಎಲೆ ಅಡಿಕೆ, ಒಂದು ಪ್ಯಾಕೆಟ್. ನಾನು ಏನು ಮಾತಾಡಬೇಕೋ ತೋಚದೆ "ಮಳೆ ಇತ್ತಾ ದಾರೀಲಿ?" ಅಂದೆ. ಇಲ್ಲ ಅಂದ. ಮಗಳು ಎರಡು ಕಡುಬು ತಂದು ಹೊಸ್ತಿಲ ಮೇಲೆ ಇಟ್ಟಳು, ಒಂದು ತನ್ನದು, ಒಂದು ನನ್ನದು. ತಮ್ಮನಿಗೆ ಮಂಡಿನೋವು. ಬಾಗಿಲ ಚೌಕಟ್ಟು ಹಿಡಿದುಕೊಂಡು ಒಂದೊಂದೇ ಕಾಲು ಮಡಚಿದ. ಅಳಿಯ ಹಿಡಿಯಲು ಹೋದರೆ ಬೇಡ ಅಂದ. ಅಂಗಿಯ ತೋಳು ಮೇಲಕ್ಕೆ ಮಡಚಿ, ಮೊಣಕೈ ಊರಿ ಒತ್ತಿದ. ಮಗಳದು ಒಡೆಯಿತು. ನನ್ನದು ಗಟ್ಟಿಯಾಗಿತ್ತು, ಜಾರಿತು. ಮತ್ತೆ ಒತ್ತಿದ. ನಾನು ಹಿಂದೆ ನಿಂತು ಅಕ್ಷತೆ ಹಾಕಬೇಕು, ಕೈ ನಡುಗುತ್ತಿತ್ತು. ನನಗೆ ಕಂಡದ್ದು ಅವನ ತಗ್ಗಿದ ಕತ್ತು ಮಾತ್ರ. ಚಿಕ್ಕವನಿದ್ದಾಗ ಅಲ್ಲೇ ಒಂದು ಮಚ್ಚೆ ಇತ್ತು. ಈಗಲೂ ಇದೆ.

ಪಚಕ್ ಅಂತು. ಆಮೇಲೆ ಟಣ್.

ನಾಣ್ಯ ಹೆಕ್ಕಿಕೊಂಡು ಎದ್ದ. ಮೊಣಕೈ ತುಂಬ ಹಿಟ್ಟು ಮೆತ್ತಿತ್ತು. ತೊಳೆದುಕೋ ಅಂದರೂ ಬಚ್ಚಲಿಗೆ ಹೋಗದೆ ಅಲ್ಲೇ ಕುರ್ಚಿಯಲ್ಲಿ ಕೂತ. ನಾಣ್ಯವನ್ನು ತಿರುಗಿಸಿ ತಿರುಗಿಸಿ ನೋಡುತ್ತಾ ಕೇಳಿದ, "ಚಿಕ್ಕಕ್ಕ ಈಗ ಯಾರ ಕೈಲಿ ಒಡೆಸ್ತಾಳೆ?"

ಉದ್ಯಾಪನೆ ಆದ ಮೇಲೂ ತಂಗಿ ವ್ರತ ಬಿಟ್ಟಿಲ್ಲ ಅನ್ನುವುದು ಅವನಿಗೆ ನೆನಪಿತ್ತು.

"ಅವಳ ಮಗನ ಕೈಲಿ" ಅಂದೆ. "ಸಂಜೆ ಪೂಜೆ ಮಾಡ್ತಾಳೆ, ಆಫೀಸು ಮುಗಿಸ್ಕೊಂಡು ಬಂದು."

ಅವನು ಏನೂ ಹೇಳಲಿಲ್ಲ. ಊಟ ಮಾಡಿದ. ಹೊರಡುವಾಗ ಉಳಿದ ಕಡುಬನ್ನು ಎರಡು ಡಬ್ಬಿಗೆ ಹಾಕಿ ಕೊಟ್ಟೆ. ಎರಡು ಯಾಕೆ ಅಂತ ಕೇಳದೆ ಎರಡನ್ನೂ ಇಸ್ಕೊಂಡ.